ಇಳಿಸದ ಡೋಲು

ಕುಣಿತ ಕಲಿಸಲು ಯಾರೋ ಕಲಾವಿದರು ಬರುತ್ತಾರೆ ಎಂದಷ್ಟೇ ಶ್ರೀಲತಾ ಮೇಡಂ ಹೇಳಿದ್ದರು. ಡೋಲು ಹೊತ್ತು ಕಾಲೇಜಿನ ಗೇಟು ದಾಟಿ ಬಂದದ್ದು ಮೋಕ್ಷಿತಾಳ ಅಜ್ಜ ಮುತ್ತ.

ಕುಂದಾಪುರದ ಹಾಸ್ಟೆಲಿಗೆ ಸೇರಿ ಎರಡು ವರ್ಷವಾದರೂ ಊರವರು ಇಂದಿಗೂ ಮುಟ್ಟದೆ ದೂರವಿಡುವ ಕೊರಗರ ಹುಡುಗಿ ತಾನು ಎಂದು ಅವಳು ಯಾರಿಗೂ ಹೇಳಿರಲಿಲ್ಲ. ಮನೆ ಶಂಕರನಾರಾಯಣದ ಹತ್ತಿರ, ಅಜ್ಜನಿಗೆ ತೋಟವಿದೆ ಎಂದಿದ್ದಳು. ತೋಟವೆಂದರೆ ಬಾವಿಕಟ್ಟೆಯ ಪಕ್ಕದ ನಾಲ್ಕು ಬಸಳೆ ಬಳ್ಳಿ. ಯುವಜನೋತ್ಸವಕ್ಕೆ ಕೊರಗರ ಕುಣಿತವೆಂದು ಮೇಡಂ ಗೊತ್ತು ಮಾಡಿದಾಗ, ಹಿಂದೆ ಸರಿದರೆ ಅನುಮಾನ ಬಂದೀತೆಂದು ತಂಡದಲ್ಲಿ ಉಳಿದುಕೊಂಡಿದ್ದಳು.

ಮುತ್ತ ಅವಳನ್ನು ಕಂಡ. ಮುಖ ಅರಳಿತು. ಅವಳು ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡತೊಡಗಿದಳು. ತಲೆ ಎತ್ತುವಷ್ಟರಲ್ಲಿ ಅಜ್ಜ ಆಚೆ ತಿರುಗಿ, ಒಣಗಿದ ಎಲೆ ಗುಡ್ಡೆಹಾಕಿ ಬೆಂಕಿ ಮಾಡಿ, ಡೋಲಿನ ಚರ್ಮ ಕಾಯಿಸುತ್ತಿದ್ದ.

ಡೋಲು ಕುತ್ತಿಗೆಗೆ ಹಾಕಿಕೊಂಡು ಅವನು ಬಡಿಯತೊಡಗಿದಾಗ ಹೆಜ್ಜೆ ಯಾರಿಗೂ ಕೂಡಲಿಲ್ಲ. ಮೋಕ್ಷಿತಾಳ ಕಾಲುಗಳು ಮಾತ್ರ ಅವಳನ್ನು ಕೇಳದೆಯೇ ಸರಿಯಾಗಿ ಬಿದ್ದವು. ಅಮ್ಮ ಸತ್ತ ವರ್ಷ ಅವಳು ಅನ್ನ ಬಿಟ್ಟು ಮೂಲೆ ಹಿಡಿದಿದ್ದಳು. ಟಾನಿಕ್ಕಿಗೆ ಆಗದ್ದನ್ನು ಅಜ್ಜ ಇದೇ ಹೆಜ್ಜೆಯಲ್ಲಿ ಮಾಡಿದ್ದ. ದಿನಾ ಸಂಜೆ ಅಂಗಳದಲ್ಲಿ ಸುಸ್ತಾಗುವ ತನಕ ಕುಣಿಸಿ ಹಸಿವು ತರಿಸಿದ್ದ.

"ನಿಂಗ್ ಮೊದ್ಲೇ ಗೊತ್ತಿತ್ತಾ ಮಾರಾಯ್ತಿ?" ಪಕ್ಕದ ವಿನಯಾ ಕೇಳಿದಳು.

"ಯೂಟ್ಯೂಬಗೆ ಕಂಡಿದ್ದೆ."

ಮುತ್ತ ನಕ್ಕ. "ಹೌದ್ ಅಮ್ಮ, ಈಗಿನ್ ಮಕ್ಳ್ ಬೇಗ ಕಲ್ತ್ಕಂತ್ರ್. ನಮ್ಮ್ ಕಾಲಕ್ಕೆ ಯಾರೋ ಕರ್ದ್ರೆ ಬಡೀಕ್, ಸಾಕಂದ್ರೆ ನಿಲ್ಸ್ಕ್. ನಮ್ಗೋಸ್ಕರ ಬಡ್ದದ್ ಮನಿ ಅಂಗಳದಗೆ ಮಾತ್ರ."

ಆ ಮನೆಯಲ್ಲಿ ಒಂದು ಕ್ರಮವಿತ್ತು. ಬಡಿದವನು ಡೋಲನ್ನು ತಾನೇ ಇಳಿಸಬಾರದು. ಮನೆಯವರೊಬ್ಬರು ಅವನ ಕುತ್ತಿಗೆಯಿಂದ ತೆಗೆದುಕೊಳ್ಳಬೇಕು. ಅಜ್ಜಿ ತೀರಿಕೊಂಡ ಮೇಲೆ ಆ ಕೆಲಸ ಮೋಕ್ಷಿತಾಳದು.

"ಇಳ್ಸಿ ಕೂತ್ಕಣಿ, ಚಾ ಕುಡೀರಿ," ಎಂದರು ಮೇಡಂ.

"ಅಡ್ಡಿಲ್ಲೆ ಅಮ್ಮ, ಹೀಂಗೇ ಇರ್ಲಿ."

ಚಹಾ ಮುಗಿಯುವ ತನಕ ಅವನು ನಿಂತೇ ಇದ್ದ. ಅವಳತ್ತ ಒಮ್ಮೆಯೂ ನೋಡಲಿಲ್ಲ. ಮೋಕ್ಷಿತಾ ಲೋಟ ತೊಳೆಯುವ ನೆವದಲ್ಲಿ ನಲ್ಲಿಯ ಹತ್ತಿರ ಹೋದಳು. ವಾಪಸು ಬಂದಾಗ ಅಜ್ಜ ಇರಲಿಲ್ಲ.

"ಆ ಅಜ್ಜಂಗ್ ಮರ್ಳಾ ಎಂತ?" ಎಂದಳು ವಿನಯಾ. "ಡೋಲ್ ಕುತ್ಗಿಗ್ ಹಾಯ್ಕಂಡೇ ಬಸ್ಸಿಗ್ ಹೋದ್ರ್."

ಎಲ್ಲರೂ ನಕ್ಕರು. ಮೋಕ್ಷಿತಾಳೂ ನಕ್ಕಳು. ನಕ್ಕಾದ ಮೇಲೆ ಅವಳಿಗೆ ಅಲ್ಲಿ ನಿಲ್ಲಲಾಗಲಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ಮುತ್ತ ಬೆಂಚಿನ ತುದಿಗೆ ಕೂತಿದ್ದ. ತೊಡೆಯ ಮೇಲೆ ಡೋಲು, ಅದರ ಹಗ್ಗ ಇನ್ನೂ ಕುತ್ತಿಗೆಯಲ್ಲೇ. ಬೆಂಚಿನ ಉಳಿದ ಭಾಗ ಖಾಲಿಯಿತ್ತು, ಜನ ನಿಂತಿದ್ದರು. ಅವಳು ಹಗ್ಗಕ್ಕೆ ಕೈ ಹಾಕಿದಳು.

"ಬ್ಯಾಡ. ನಿನ್ ಫ್ರೆಂಡ್ ಅಲ್ಲೇ ಇತ್ತ್, ಕಾಣ್."

ನಿಜ. ತನ್ನ ಮನೆಗೆ ಹೋಗುವ ಬಸ್ಸು ಹಿಡಿಯಲು ಬಂದ ವಿನಯಾ ರಸ್ತೆಯಾಚೆ ನಿಂತಿದ್ದಳು.

"ಇರ್ಲಿ. ತಲಿ ಬಗ್ಸ್ ಅಜ್ಜ."

ಮುತ್ತ ತಕ್ಷಣ ಬಗ್ಗಿಸಲಿಲ್ಲ. ಕೊಲ್ಲೂರಿನ ಬಸ್ಸು ಬಂದು ಹೋಯಿತು. ಆಮೇಲೆ ಬಗ್ಗಿಸಿದ. ಅವನ ಕುತ್ತಿಗೆಯಲ್ಲಿ ಹಗ್ಗದ ಬರೆ ಕೆಂಪಗೆ ಎದ್ದಿತ್ತು. ಅವಳು ಡೋಲು ತೆಗೆದು ತನ್ನ ಕುತ್ತಿಗೆಗೆ ಹಾಕಿಕೊಂಡು ಅವನ ಪಕ್ಕದಲ್ಲಿ ಕೂತಳು. ಹಗ್ಗ ಬೆವರಿನಿಂದ ಒದ್ದೆಯಾಗಿತ್ತು.

"ಸೋಮವಾರವೂ ಬಪ್ಪುಕ್ ಹೇಳಿರ್," ಎಂದ ಮುತ್ತ. "ಬರೂದಾ, ಬ್ಯಾಡ್ದಾ?"

ವಿನಯಾ ಇತ್ತಲೇ ನೋಡುತ್ತಿದ್ದಳು.

"ಬಾ," ಎಂದಳು ಮೋಕ್ಷಿತಾ. ಆದರೆ ಆ ಒಂದು ಮಾತು ಹೊರಡುವುದಕ್ಕೆ ಎಷ್ಟು ಹೊತ್ತು ಹಿಡಿಯಿತು ಎಂಬುದನ್ನು ಅಜ್ಜ ಕಂಡಿದ್ದ. ಅವನು ಬಸ್ಸು ಬರುವ ಕಡೆ ಮುಖ ತಿರುಗಿಸಿದ.