ಪೆಟ್ರೋಲಿನ ಕೆಳಗೆ ಸಾರಾಯಿ

ಗಂಗಪ್ಪ ತಾನು ಏನು ಸಿಕ್ಕರೂ ಕುಡಿಯುತ್ತಿದ್ದ. ತನ್ನ ಇಂಜಿನ್ನಿಗೆ ಮಾತ್ರ ಕಂಡದ್ದನ್ನು ಕುಡಿಸುತ್ತಿರಲಿಲ್ಲ.

ಕುರಿಮರಿಯಷ್ಟೇ ಇದ್ದ ಇಂಜಿನ್ನು ಅದು. ಹೂಳು ತುಂಬಿದ ಬಾವಿ ಯಾರ ಹೊಲದಲ್ಲಿದ್ದರೂ ಅಲ್ಲಿಗೆ ಅದನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೋಗಿ, ನೀರು ಎತ್ತಿ ಹೊರಗೆ ಹಾಕಿ, ತಳಕ್ಕಿಳಿದು ಕೆಸರು ಬಾಚುವುದು ಗಂಗಪ್ಪನ ಮತ್ತು ಅವನ ಅಣ್ಣ ಪಾಲಯ್ಯನ ಕಸುಬು. ಬರೀ ಪೆಟ್ರೋಲು ಅದಕ್ಕೆ ಆಗದು, ಅಳೆದು ಎಣ್ಣೆ ಬೆರೆಸಬೇಕು. ಗಂಗಪ್ಪ ಕೊಟ್ಟೂರಿನಿಂದ ಪೆಟ್ರೋಲು ತಂದು, ಮೂಸಿ, ಎರಡು ಬೆರಳಲ್ಲಿ ತಿಕ್ಕಿ, ಸೀಮೆಎಣ್ಣೆ ಬೆರೆತಿಲ್ಲವೆಂದು ಖಾತ್ರಿಯಾದ ಮೇಲೆ ಮುಚ್ಚಳದಲ್ಲಿ ಅಳೆದು ಎಣ್ಣೆ ಹುಯ್ಯುತ್ತಿದ್ದ. ಚೊಚ್ಚಲು ಕೂಸಿಗೆ ಹಾಲು ಕುಡಿಸುವ ತಾಯಿಯೂ ಅಷ್ಟು ಮೂಸಿ ನೋಡಿರಲಿಕ್ಕಿಲ್ಲ.

ಅಂಥ ಇಂಜಿನ್ನಿನ ಡಬ್ಬಿಗೆ ಆ ದಿನ ಬೆಳಿಗ್ಗೆ ಅವನ ಹೆಂಡತಿ ಸುಂಕಮ್ಮ ಒಂದು ಬಾಟಲಿ ಸಾರಾಯಿ ಸುರಿದಿದ್ದಳು.

ಇಂಜಿನ್ನು ಕೆಡಲಿ ಅಂತ ಸುರಿದದ್ದಲ್ಲ. ಗೋಣಿಚೀಲದ ಹಿಂದೆ ಗಂಡ ಬಚ್ಚಿಟ್ಟ ಬಾಟಲಿ ಕೈಗೆ ಸಿಕ್ಕಿತ್ತು. ಅಂಗಳಕ್ಕೆ ಚೆಲ್ಲಿದರೆ ವಾಸನೆ ಮೂರು ಓಣಿ ದಾಟಿ ಹೋಗಿ ಅವನನ್ನು ಕೈಹಿಡಿದು ಕರೆದುಕೊಂಡು ಬರುವಂಥದ್ದು. ಅಷ್ಟರಲ್ಲಿ ಹಿತ್ತಲಲ್ಲಿ ಅವನು ಕೆಮ್ಮಿದ. ಎದುರಿಗೆ ಪೆಟ್ರೋಲಿನ ಡಬ್ಬಿ ಬಾಯಿ ತೆರೆದು ಕೂತಿತ್ತು. ನಾರುವುದನ್ನು ನಾರುವುದರಲ್ಲಿ ಮುಚ್ಚಿದರೆ ಯಾರಿಗೆ ಗೊತ್ತಾಗುತ್ತದೆ ಎಂದು ಗಳಗಳ ಸುರಿದೇಬಿಟ್ಟಳು. ಖಾಲಿ ಬಾಟಲಿಗೆ ನೀರು ತುಂಬಿ ಇದ್ದಲ್ಲೇ ಇಟ್ಟಳು. ಗಂಗಪ್ಪ ಸಂಜೆಗಿರಲಿ ಎಂದು ಆ ನೀರನ್ನೇ ಜೋಪಾನವಾಗಿ ಸಾಮಾನಿನ ಚೀಲಕ್ಕೆ ಹಾಕಿಕೊಂಡು ಕೆಲಸಕ್ಕೆ ಹೊರಟ. ಅದನ್ನು ನೋಡಿ ಸುಂಕಮ್ಮನಿಗೆ ಹೊಟ್ಟೆಯೊಳಗೇ ನಗು.

ಆ ನಗು ಮಧ್ಯಾಹ್ನದ ತನಕ ಇತ್ತು. ಎಪ್ಪತ್ತೆಂಟರ ಬೇಸಿಗೆ ಅದು. ಉಜ್ಜಿನಿಯ ಆಚೆ ಒಂದು ಹಳೇ ಬಾವಿ. ನಡುಮಟ್ಟದ ತನಕ ಮೆಟ್ಟಿಲು, ಅಲ್ಲೊಂದು ಅಗಲವಾದ ಹಾಸುಗಲ್ಲು, ಅದರ ಮೇಲೆ ಇಂಜಿನ್ನು. ಅಲ್ಲಿಂದ ಮೂರಾಳು ಆಳಕ್ಕೆ ಬಿದಿರಿನ ಏಣಿ. ಕೆಳಗೆ ಗಂಗಪ್ಪ ಕೆಸರು ತುಂಬಿ ಕೊಟ್ಟರೆ, ಹಾಸುಗಲ್ಲಿನ ಮೇಲಿಂದ ಸುಂಕಮ್ಮ ಮತ್ತು ಗಂಗಪ್ಪನ ಸೋದರತ್ತೆ ಪಕ್ಕೀರಮ್ಮ ಹಗ್ಗದಲ್ಲಿ ಬುಟ್ಟಿ ಎಳೆಯುತ್ತಿದ್ದರು. ಪಕ್ಕೀರಮ್ಮನಿಗೆ ಎಪ್ಪತ್ತು ದಾಟಿತ್ತು. ಕೈಯ ಬಲ ಕಡಿಮೆಯಾದಷ್ಟೂ ಬಾಯಿಯ ಬಲ ಹೆಚ್ಚಾಗಿತ್ತು.

ಹೂಳು ತೆಗೆಯುತ್ತಿದ್ದಂತೆ ಮೂರು ಒರತೆ ಒಟ್ಟಿಗೆ ಬಾಯಿ ಬಿಟ್ಟವು. ನೀರು ಬುಸುಬುಸು ಬಂತು. ಇಂಜಿನ್ನು ಎಳೆದು ಎಳೆದು ಹೊರಗೆ ಹಾಕುತ್ತಿತ್ತು, ಹಾಗಾಗಿ ಗಂಗಪ್ಪನ ಪಾದವಷ್ಟೇ ನೆನೆದಿತ್ತು. ಆಗಲೇ ಗೋಡೆಯಿಂದ ಒಂದು ಕಲ್ಲು ಜಾರಿತು. ಎಮ್ಮೆ ಮಲಗಿದಷ್ಟು ಕಲ್ಲು. ಗಂಗಪ್ಪ ಹಿಂದಕ್ಕೆ ಕೂತುಬಿದ್ದ, ಅವನ ಎಡಗಾಲು ಮೊಣಕಾಲಿನ ಕೆಳಗೆ ಕಲ್ಲಿನಡಿ ಹೋಯಿತು.

ಮೇಲೆ ಬುಟ್ಟಿಯ ಕೆಸರು ಸುರಿಯುತ್ತಿದ್ದ ಪಾಲಯ್ಯ ಇಳಿದು ಹಾರೆ ಹಾಕಿ ಮೀಟಿದ. ಹಾರೆ ಬಾಗಿತು, ಕಲ್ಲು ಅಲುಗಲಿಲ್ಲ. ಏಣಿ ಹತ್ತಿ ಬಂದವನ ಮುಖ ಬೂದಿಯಾಗಿತ್ತು.

"ನಾಕು ಮಂದಿ ಬೇಕವ್ವಾ, ಊರಿಗೆ ಓಡ್ತೀನಿ. ಸುಂಕಮ್ಮ, ಟ್ಯಾಂಕಿನ್ಯಾಗ ಎಣ್ಣಿ ಕಡಿಮಿ ಐತಿ. ಇಳಿದ ಕೂಡ್ಲೇ ಡಬ್ಬಿಯಿಂದ ಹಾಕು. ಇಂಜಿನ್ನು ನಿಂತಿತೋ, ನನ್ನ ತಮ್ಮ ಹ್ವಾದ."

ಸುಂಕಮ್ಮ ಅವನ ಹಿಂದೆ ಒಂದು ಹೆಜ್ಜೆ ಇಟ್ಟಳು. "ಬಾವಾರ" ಎಂದಳು. ಇಂಜಿನ್ನಿನ ಸದ್ದಿನಲ್ಲಿ ಅದು ಅವಳ ಕಿವಿಗೇ ಕೇಳಲಿಲ್ಲ. ಇನ್ನೊಮ್ಮೆ ಕೂಗಬೇಕೆನ್ನುವಷ್ಟರಲ್ಲಿ ಪಾಲಯ್ಯ ಮೆಟ್ಟಿಲು ಹತ್ತಿ ಹೋಗಿಬಿಟ್ಟಿದ್ದ. ಹೋಗಿಬರಲು ಮೂರು ಮೈಲಿ. ಬೇಸಿಗೆಯ ಮಟಮಟ ಮಧ್ಯಾಹ್ನ. ಸುತ್ತಲಿನ ಹೊಲದಲ್ಲಿ ಕಾಗೆಯೂ ಇರಲಿಲ್ಲ.

ಅವಳು ಡಬ್ಬಿಯನ್ನು ನೋಡಿದಳು. ಬೆಳಿಗ್ಗೆ ಮೊಲದ ಹಾಗಿದ್ದ ಡಬ್ಬಿ ಈಗ ಹುಲಿಯ ಹಾಗೆ ಕೂತಿತ್ತು. ಉಜ್ಜಿನಿ ಮರುಳಸಿದ್ಧನಿಗೆ ಬೆಳ್ಳಿ ಕಣ್ಣು ಹೇಳಿಕೊಂಡಳು. ಮೈಲಾರಕ್ಕೆ ಉರುಳಿಕೊಂಡೇ ಬರುತ್ತೇನೆಂದಳು. ಗಾಳೆಮ್ಮನಿಗೆ ಕುರಿ ಎಂದಳು, ಸಾಲದೆನ್ನಿಸಿ ಎರಡು ಎಂದಳು. ದೇವರುಗಳೆಲ್ಲ ಕೈಚಾಚಿ ಹರಕೆ ತೆಗೆದುಕೊಳ್ಳುತ್ತಿದ್ದರು, ಟ್ಯಾಂಕಿನ ಪೆಟ್ರೋಲು ಮಾತ್ರ ಇಳಿಯುತ್ತಲೇ ಇತ್ತು.

ಆಗ ಒಂದು ಧೈರ್ಯ ಬಂತು. ಸಾರಾಯಿಯೂ ಉರಿಯುತ್ತದಲ್ಲ! ಒಳ್ಳೇ ಮಾಲು ಹೌದೋ ಅಲ್ಲವೋ ಎಂದು ಅಂಗಡಿಯವನು ಒಂದು ಚಮಚೆಗೆ ಕಡ್ಡಿ ಗೀರಿ ನೀಲಿ ಉರಿ ತೋರಿಸಿದ್ದನ್ನು ಅವಳೇ ಕಂಡಿದ್ದಳು. ಅದೂ ಉರಿಯುವುದೇ, ಇದೂ ಉರಿಯುವುದೇ. ಇಂಜಿನ್ನಿಗೇನು ಗೊತ್ತಾಗುತ್ತದೆ?

ಎಣ್ಣೆ ತಳಕ್ಕೆ ಕೂರಬಾರದೆಂದು ಗಂಗಪ್ಪ ಯಾವಾಗಲೂ ಡಬ್ಬಿಯನ್ನು ಚೆನ್ನಾಗಿ ಕುಲುಕಿ ಹಾಕುತ್ತಿದ್ದ. ಅವಳೂ ಕುಲುಕಿದಳು. ಮೊಸರು ಕಡೆದರೆ ಬೆಣ್ಣೆ ಬರುವಷ್ಟು ಕುಲುಕಿದಳು. ಟ್ಯಾಂಕು ತುಂಬ ಹುಯ್ದಳು.

ಇಂಜಿನ್ನು ಇಪ್ಪತ್ತು ಉಸಿರು ಓಡಿತು. ಆಮೇಲೆ ಕೆಮ್ಮಿತು, ಗಂಗಪ್ಪ ಹಿತ್ತಲಲ್ಲಿ ಕೆಮ್ಮುವ ಹಾಗೆಯೇ. ಒಂದು ಬಿಳೀ ಹೊಗೆ ಉಗುಳಿತು. ನಿಂತಿತು.

ಅಷ್ಟು ಹೊತ್ತು ಸದ್ದಿನಲ್ಲಿ ಏನೂ ಕೇಳುತ್ತಿರಲಿಲ್ಲ. ಈಗ ಎಲ್ಲವೂ ಕೇಳಿತು. ಒರತೆಯ ಬುಸುಬುಸು ಕೇಳಿತು. ಗಂಗಪ್ಪನ ನರಳಿಕೆ ಕೇಳಿತು.

"ಲೇ ಸುಂಕೀ, ಯಾಕ ನಿಂತೈತಿ?"

ಅವಳು ಎಳೆಯುವ ಹಗ್ಗವನ್ನು ಇಂಜಿನ್ನಿನ ಗಾಲಿಗೆ ಸುತ್ತಿ ಎಳೆದಳು. ಇಂಜಿನ್ನು ಬರೀ ಗೊರಕ್ ಎಂದಿತು. ಮತ್ತೆ ಸುತ್ತಿದಳು, ಎಳೆದಳು. ಅಂಗೈ ಚರ್ಮ ಸುಲಿಯಿತು. ಮತ್ತೆ ಗೊರಕ್.

"ನೀರು ತೊಡಿಗೆ ಬಂತಲೇ! ಎಣ್ಣಿ ಹಾಕೀದಿಲ್ಲೋ?"

"ಹಾಕೀನ್ರಿ."

"ಮತ್ಯಾಕ ಹತ್ತವಲ್ದು? ಚೊಕ್ಕ ಎಣ್ಣಿ ಐತಿ, ನಾನ ಬೆರೆಸೀನಿ. ಎಳಿ ಇನ್ನೊಮ್ಮಿ!"

ಪಕ್ಕೀರಮ್ಮ ಹಾಸುಗಲ್ಲಿನ ಅಂಚಿಗೆ ಬಗ್ಗಿ ನೋಡಿದಳು. "ಲೇ ಗಂಗ್ಯಾ, ಯುಗಾದಿಗೂ ಮೈ ತೊಳಕೊಳ್ಳಾಕ ಒಲ್ಲೆ ಅಂತಿದ್ದಿ. ಇವತ್ತು ಗಂಗವ್ವನ ಬಂದು ತೊಳಿಯಾಕ ಹತ್ಯಾಳ ನೋಡು" ಎಂದಳು. ಹೇಳುವಾಗ ಮುದುಕಿಯ ದವಡೆ ಗಡಗಡ ಅಲುಗುತ್ತಿತ್ತು. ಆಮೇಲೆ ಸೊಸೆಯ ಕಡೆ ತಿರುಗಿದಳು. "ಏ ಹುಡುಗಿ, ನಿನ್ನ ಮಾರಿ ಯಾಕ ಸುಣ್ಣದಾಂಗ ಆಗೈತಿ? ಏನು ಮಾಡೀದಿ?"

ಹೇಳಿದರೆ ಗಂಡ ಅಲ್ಲೇ ಕೆಳಗಿಂದಲೇ ಸಿಡಿಲಾಗಿ ಏಳುತ್ತಾನೆ. ನಾಳೆ ಊರೆಲ್ಲ ಗಂಡನನ್ನು ಕೊಂದವಳು ಎನ್ನುತ್ತದೆ. ಹೇಳದಿದ್ದರೆ? ಕೆಳಗೆ ನೀರು ಅವನ ಹೊಕ್ಕುಳ ಮುಟ್ಟಿತ್ತು. ಕೆಸರು ನೀರಿನಲ್ಲಿ ಅವನ ಎರಡು ಕೈಗಳು ಆ ಕಲ್ಲನ್ನು ಸುಮ್ಮನೆ ಸವರುತ್ತಿದ್ದವು.

ಆ ಕೈಗಳನ್ನು ನೋಡಲಾಗಲಿಲ್ಲ ಅವಳಿಗೆ.

"ಎಣ್ಣಿ ಚೊಕ್ಕ ಇಲ್ರೀ!" ಎಂದು ಬಾವಿ ಮೊಳಗುವ ಹಾಗೆ ಕಿರುಚಿದಳು. "ನಾ ಕೆಡಿಸೀನಿ!"

"ಏನು ಹಾಕೀದಿ?"

"ನಿಮ್ಮ ಸಾರಾಯಿ! ಒಂದು ಬಾಟ್ಲಿ ಪೂರಾ!"

ಗಂಗಪ್ಪ, "ಸುಳ್ಳು. ನನ್ನ ಬಾಟ್ಲಿ ಚೀಲದಾಗ ಐತಿ" ಎಂದ, ಗೊಂಬೆ ಕಳೆದುಕೊಂಡ ಕೂಸಿನ ಹಾಗೆ.

"ಅದು ನೀರ್ರೀ."

ಗಂಗಪ್ಪ ಬೈಯಲು ಶುರು ಮಾಡಿದ. ಹಗರಿಬೊಮ್ಮನಹಳ್ಳಿ ಸಂತೆಯಲ್ಲೂ ಕೇಳಸಿಗದ ಬೈಗುಳಗಳು. ಸುಂಕಮ್ಮ ಹುಟ್ಟಿದ ಊರು, ಅದರಾಚೆಯ ಊರು, ಎಲ್ಲವನ್ನೂ ತೊಳೆದ. ನೀರು ಎದೆಗೂಡಿಗೆ ತಾಗಿದಾಗ ಬೈಗುಳ ತಟ್ಟನೆ ನಿಂತಿತು. ಅವನ ದನಿ ಸಣ್ಣದಾಯಿತು.

"ಸುಂಕೀ. ನಂಗ ಅಂಜಿಕಿ ಆಗತೈತಲೇ."

ಹನ್ನೊಂದು ವರ್ಷದ ಸಂಸಾರದಲ್ಲಿ ಅವನು ಆ ಮಾತು ಆಡಿದ್ದೇ ಇಲ್ಲ. ಅದನ್ನು ಕೇಳಿದ ಮೇಲೆ ಅವಳು ಇಂಜಿನ್ನಿನ ಪಕ್ಕ ಕೂತುಬಿಟ್ಟಳು.

ಬೆನ್ನಿಗೆ ಪಕ್ಕೀರಮ್ಮನ ಗುದ್ದು ಬಿತ್ತು. "ಏಳ! ಹರಳೆಣ್ಣಿ ಕಾಸೋದು ನನ್ನ ಹತ್ರ ಕಲ್ತೀದಿಲ್ಲೋ? ಕುದ್ದ ಮ್ಯಾಲ ಏನಾಗತೈತಿ?"

"ಎಣ್ಣಿ ಮ್ಯಾಲ ತೇಲತೈತಿ, ನೀರು ಕೆಳಗ..."

"ಮತ್ತ! ಆ ಸಾರಾಯಿ ಅಂಗಡಿಯವ ಧರ್ಮರಾಯನೇನು? ಅರ್ಧಕ್ಕರ್ಧ ನೀರ ಹಾಕಿರ್ತಾನ. ಕೆಳಗ ಕೂತಿರತೈತಿ, ನೋಡು!"

ಸುಂಕಮ್ಮ ಚೀಲದಿಂದ ಬಾಟಲಿ ತೆಗೆದು ಅದರಲ್ಲಿದ್ದ ನೀರನ್ನು ಚೆಲ್ಲಿದಳು. ಕೆಳಗಿನಿಂದ ಗಂಗಪ್ಪ ಅಭ್ಯಾಸಬಲದಿಂದ "ಏ ಏ ಏ!" ಎಂದ. ಡಬ್ಬಿಯಿಂದ ಒಂದಿಷ್ಟು ಬಾಟಲಿಗೆ ಹುಯ್ದು ಬೆಳಕಿಗೆ ಹಿಡಿದಳು. ಎಲ್ಲ ಕಲಸಿದ ಅಂಬಲಿಯಾಗಿತ್ತು. ಅವಳೇ ಅಲ್ಲವೇ ಅಷ್ಟು ಕುಲುಕಿದ್ದು!

"ಕಲಸಿ ಹೋಗೈತ್ರೀ!"

"ಅಲುಗಿಸಬ್ಯಾಡ" ಎಂದ ಗಂಗಪ್ಪ. ನೀರು ಕಂಕುಳಿಗೆ ಬಂದಿತ್ತು, ಹಲ್ಲು ಕಟಕಟ ಎನ್ನುತ್ತಿದ್ದವು. "ತಿಳಿಯಾಗಾಕ ಬಿಡು. ಟ್ಯಾಂಕಿನ್ಯಾಗೂ ಹಂಗ ತಿಳಿಯಾಗತೈತಿ. ಯಾವುದನ್ನೂ ಮುಟ್ಟಬ್ಯಾಡ."

ಗಂಡ ಮುಳುಗುತ್ತಿದ್ದಾನೆ, ಹೆಂಡತಿ ಬಾಟಲಿ ಹಿಡಿದು ಸುಮ್ಮನೆ ನಿಲ್ಲಬೇಕು! ಅದಕ್ಕಿಂತ ಕಷ್ಟದ ಕೆಲಸ ಭೂಮಿಯ ಮೇಲೆ ಯಾವ ಹೆಂಗಸೂ ಮಾಡಿರಲಿಕ್ಕಿಲ್ಲ. ಅವಳ ಕೈ ನಡುಗಿದರೆ ಬಾಟಲಿ ಕಲಕುತ್ತದೆ. ಅದಕ್ಕೆ ಅದನ್ನು ಕಲ್ಲಿನ ಮೇಲಿಟ್ಟು, ಕೈಗಳನ್ನು ಕಂಕುಳಲ್ಲಿ ಒತ್ತಿಕೊಂಡು ಕೂತಳು. ಪಕ್ಕೀರಮ್ಮ ಬಾವಿಯ ಗೋಡೆಯ ಕಲ್ಲುಸಾಲುಗಳನ್ನು ಎಣಿಸಿ ಹೇಳುತ್ತಿದ್ದಳು. "ಒಂದು ಸಾಲು ಮುಳುಗ್ತು... ಇನ್ನೊಂದರ ಅರ್ಧ..." ಎಣಿಸಬೇಡ ಅತ್ತೆ ಎನ್ನಬೇಕೆನ್ನಿಸಿದರೂ ಸುಂಕಮ್ಮ ಬಾಟಲಿಯಿಂದ ಕಣ್ಣು ತೆಗೆಯಲಿಲ್ಲ.

ಬಾಟಲಿಯಲ್ಲಿ ಮೊದಲು ಒಂದು ಕೂದಲೆಳೆಯಷ್ಟು ಗೆರೆ ಕಂಡಿತು. ಮೇಲೆ ಪೆಟ್ರೋಲು ಕೆಂಪಗೆ, ಕೆಳಗೆ ಸಾರಾಯಿ ಬೆಳ್ಳಗೆ. ಕೆಳಗಿನ ಬಿಳಿ ಬೆರಳಷ್ಟಾಯಿತು.

"ಬ್ಯಾರೆ ಆತ್ರೀ! ಕೆಂಪು ಮ್ಯಾಲ, ಬಿಳಿ ಕೆಳಗ!"

"ಟ್ಯಾಂಕಿನ ಬುಡದಾಗ ರಬ್ಬರ್ ಕೊಳವಿ ಐತಲ್ಲ, ಅದನ್ನ ಕಿತ್ತು ಬಾಟ್ಲಿಗೆ ಹಿಡಿ. ಬಿಳೀದು ಹೋಗಲಿ. ಕೆಂಪು ಬಂದ ಕೂಡ್ಲೇ ಸಿಗಿಸು."

ಬಾಟಲಿಯಲ್ಲಿದ್ದದ್ದನ್ನು ಚೆಲ್ಲಿ, ಕೊಳವೆ ಕಿತ್ತಳು. ಬಿಳಿ ಬಂತು. ಬಂತು, ಬಂತು, ತುಂಗಭದ್ರೆಯಷ್ಟು ಬಂತು. ಬಾಟಲಿಯ ಅರ್ಧ ದಾಟಿತು. ಆಮೇಲೆ ಕೆಂಪು. ಸಿಗಿಸಿದಳು.

"ಈಗ ಇಂಜಿನ್ನಿನ ಬಗಲಾಗ ಹಿತ್ತಾಳಿ ಬಟ್ಟಲ ಐತಿ. ಅದರ ಬುಡದ ತಿರುಪು ಬಿಚ್ಚು. ಅದರಾಗೂ ಸಾರಾಯಿ ಕೂತಿರತೈತಿ."

ತಿರುಪು ಬಿಸಿಗೆ ಬೆರಳು ಸುಟ್ಟಿತು. ಸೆರಗಿನ ತುದಿ ಹಿಡಿದು ತಿರುಗಿಸಿದಳು. ಬಿಳಿ ಬಂತು, ಕೆಂಪು ಬಂತು. ಬಿಗಿದಳು.

"ಆತ್ರೀ. ಇನ್ನೇನು?"

ಉತ್ತರ ಬರಲಿಲ್ಲ.

"ಇನ್ನೇನ್ರೀ?"

ಬಗ್ಗಿ ನೋಡಿದಳು. ಗಂಗಪ್ಪ ಗದ್ದ ಮೇಲೆತ್ತಿ, ಬಾಯಿ ಬಿಗಿಯಾಗಿ ಮುಚ್ಚಿಕೊಂಡಿದ್ದ. ತೆರೆದರೆ ನೀರು ಒಳಗೆ ಹೋಗುತ್ತಿತ್ತು. ಕಣ್ಣು ಮಾತ್ರ ಅವಳನ್ನು ನೋಡುತ್ತಿದ್ದವು, ಎರಡು ದೀಪದ ಹಾಗೆ.

ಸುಂಕಮ್ಮ ಹಗ್ಗ ಸುತ್ತಿ ಎಳೆದಳು. ಗೊರಕ್. ಸುತ್ತಿ ಎಳೆದಳು. ಇಂಜಿನ್ನು ಒಮ್ಮೆ ಹಾರಿ ಆರಿತು. ಮೂರನೆಯ ಸಲ ಪಕ್ಕೀರಮ್ಮನೂ ಅವಳ ಸೊಂಟ ಹಿಡಿದು ಜಗ್ಗಿದಳು. ಇಬ್ಬರೂ ಅಂಗಾತ ಬಿದ್ದರು. ಅವರು ಬಿದ್ದಲ್ಲಿಯೇ ಇದ್ದರು, ಇಂಜಿನ್ನು ಎದ್ದಿತು. ಹೊಗೆ, ಸದ್ದು, ಮೇಲಿನ ಕಾಲುವೆಗೆ ದಬದಬ ನೀರು.

ನೀರು ಏರಿದಷ್ಟು ಬೇಗ ಇಳಿಯಲಿಲ್ಲ. ಮೊದಲು ತುಟಿ ಕಂಡಿತು. ಎಷ್ಟೋ ಹೊತ್ತಿನ ಮೇಲೆ ಕುತ್ತಿಗೆ. ಸುಂಕಮ್ಮ ಟ್ಯಾಂಕಿಗೆ ಕಣ್ಣು ನೆಟ್ಟು ಕೂತಿದ್ದಳು. ಡಬ್ಬಿಯಲ್ಲಿ ಮಿಕ್ಕಿದ್ದನ್ನು ಅಲುಗಿಸದೆ, ಹರಳೆಣ್ಣೆಯ ತಿಳಿ ಬಗ್ಗಿಸುವ ಹಾಗೆ, ಮೇಲಿನ ಕೆಂಪನ್ನಷ್ಟೇ ಸ್ವಲ್ಪ ಸ್ವಲ್ಪ ಬಗ್ಗಿಸಿ ಹಾಕಿದಳು. ಇಂಜಿನ್ನು ಒಂದು ಸಲ ದನಿ ಬದಲಿಸಿದರೂ ಅವಳ ಉಸಿರು ನಿಲ್ಲುತ್ತಿತ್ತು.

ಪಾಲಯ್ಯ ಆರು ಮಂದಿ, ಎರಡು ಹಾರೆ, ತಮ್ಮನನ್ನು ಹೊರಲು ಒಂದು ಹೊರಸು ಮಂಚ ತಂದ. ಕಲ್ಲು ಎತ್ತಿದರು, ಗಂಗಪ್ಪನನ್ನು ಹಗ್ಗದಲ್ಲಿ ಮೇಲಕ್ಕೆ ತಂದು ಹಾಸುಗಲ್ಲಿನ ಮೇಲೆ ಹೊರಸಿನಲ್ಲಿ ಮಲಗಿಸಿದರು. ಕಾಲು ಮುರಿದಿತ್ತು, ಜೀವ ಗಟ್ಟಿಯಿತ್ತು. ಪಾಲಯ್ಯ ಅಲ್ಲಿದ್ದ ಬಾಟಲಿ ಎತ್ತಿ ಮೂಸಿದ. "ಇದ್ಯಾಕಲೇ ಸಾರಾಯಿಗೆ ಪೆಟ್ರೋಲ್ ನಾರತೈತಿ? ಯಾರು ಬೆರೆಸ್ಯಾರ?"

ಸುಂಕಮ್ಮ ಬಾಯಿ ತೆರೆಯುವ ಮೊದಲೇ ಗಂಗಪ್ಪ ಹೊರಸಿನಿಂದ ಅಂದ: "ನಾನ ಅಣ್ಣಾ. ನಿಶೆದಾಗ ಡಬ್ಬಿಗೆ ಹಾಕಿದ್ದೆ."

"ನಿಶೆದಾಗ!" ಎಂದಳು ಪಕ್ಕೀರಮ್ಮ. "ಅರ್ಧ ಬಾಟ್ಲಿ ವಾಪಸ್ ಬಂದೈತಿ ನೋಡಪಾ, ಪಟಗ್ ಅಂತ ಕುಡಿದುಬಿಡು. ಕಾಲಿನ ನೋವು ಅಷ್ಟ ಅಲ್ಲ, ಜನ್ಮದ ನೋವ ಹೋಗತೈತಿ."

ಗಂಗಪ್ಪ ಬಾಟಲಿಯನ್ನು ನೋಡಿ ಮುಖ ತಿರುಗಿಸಿದ.

ಹೊರಸು ಎತ್ತಿದರು. ಪಾಲಯ್ಯ ಇಂಜಿನ್ನು ನಿಲ್ಲಿಸಲು ಕೈ ಚಾಚಿದ. ಸುಂಕಮ್ಮ ಅವನ ಕೈಗೆ ಅಡ್ಡ ಬಿದ್ದಳು.

"ಬ್ಯಾಡ್ರಿ ಬಾವಾರ! ನಿಲ್ಲಿಸಬ್ಯಾಡ್ರಿ! ಅವ್ರು ಕೆಳಗ ಅದಾರ!"

"ಏ ಹುಚ್ಚೀ, ಇಲ್ಲೇ ಅದಾನ ನೋಡು ನಿನ್ನ ಗಂಡ" ಎಂದಳು ಪಕ್ಕೀರಮ್ಮ.

ಸುಂಕಮ್ಮ ನೋಡಿದಳು, ಹೌದೆಂದು ತಲೆಯಾಡಿಸಿದಳು. ಆದರೂ ಅಲ್ಲಿಂದ ಸರಿಯಲಿಲ್ಲ. ಕೆಳಗೆ ಬಾವಿಯ ನೀರೆಲ್ಲ ಮುಗಿದು ಕೊಳವೆ ಗೊರಗೊರ ಗಾಳಿ ಹೀರುತ್ತಿತ್ತು. ಇಂಜಿನ್ನು ಎಳೆಯುವ ಹಗ್ಗ ಇನ್ನೂ ಅವಳ ಮುಷ್ಟಿಯಲ್ಲೇ ಇತ್ತು. ಮುದುಕಿ ಪಕ್ಕ ಕೂತು ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು.