ಊರಲ್ಲಿಲ್ಲದ ಹುಡುಗಿ

ಆ ಮನೆಯ ಮುಂದಿನ ಕೋಣೆ ಅಜ್ಜನದು. ಪುಸ್ತಕ ಕಟ್ಟುವುದು ಅವರ ಕಸುಬು. ಕಿಟಕಿಯ ಕೆಳಗೆ ಮೇಜು, ಅದರ ಮೇಲೆ ಅಂಟಿನ ಬಟ್ಟಲು, ಮೇಣ ಸವರಿದ ದಾರ, ರಟ್ಟು ಕತ್ತರಿಸುವ ಚೂರಿ. ದೇವರನ್ನು ನೆನೆಯದೆ ಅವರು ಸೂಜಿಗೆ ದಾರ ಪೋಣಿಸಿದವರಲ್ಲ. ಬೀದಿಯಲ್ಲಿ ಯಾರೇ ಹೋಗಲಿ, ಆ ಕಿಟಕಿಯ ಹತ್ತಿರ ನಿಂತು ಒಂದು ಮಾತಾಡದೆ ಮುಂದೆ ಹೋಗುತ್ತಿರಲಿಲ್ಲ.

ಅವರ ಇಬ್ಬರು ಮೊಮ್ಮಗಳಂದಿರಲ್ಲಿ ದೊಡ್ಡವಳಿಗೆ ಬಸ್ ನಿಲ್ದಾಣದಲ್ಲಿ ಕೆಲಸ. ಯಾವ ಬಸ್ಸು ಎಷ್ಟು ಹೊತ್ತಿಗೆ ಹೊರಡುತ್ತದೆ, ಎಲ್ಲಿ ನಿಂತಿದೆ ಎಂದು ಮೈಕಿನಲ್ಲಿ ಹೇಳುವವಳು ಅವಳೇ. ಆ ದನಿಯನ್ನು ಕೇಳದವರು ಊರಲ್ಲಿರಲಿಲ್ಲ. ಬೀದಿಯ ಮಕ್ಕಳಿಗೆ ಅವಳು ‘ಮೈಕಕ್ಕ’. ಗೋಡೆಗೆ ಗೋಡೆ ಅಂಟಿದ ಪಕ್ಕದ ಮನೆಯ ನರ್ಸಮ್ಮ ಕಿಟಕಿಯಲ್ಲಿ ಇಣುಕಿ ನಗುತ್ತಿದ್ದರು: “ನಿಮ್ಮ ಮೊಮ್ಮಗಳು ಕರೆದ್ರೆ ಕೆಟ್ಟು ನಿಂತ ಬಸ್ಸೂ ಹೊರಡುತ್ತೆ ಅಜ್ಜ!”

ಅವಳ ಕೆನ್ನೆಗಳಲ್ಲಿ ಹದಿಹರೆಯದ ಮೊಡವೆಗಳು ಬಿಟ್ಟುಹೋದ ಕುಳಿಗಳಿದ್ದವು. ಅವಳಿಗೆ ಅದರ ಚಿಂತೆ ಇರಲಿಲ್ಲ. “ಮೈಕಿಗೇನು ಮುಖ ಕಾಣುತ್ತಾ ಅಜ್ಜ?” ಎನ್ನುತ್ತಿದ್ದಳು.

ಚಿಂತೆ ಇದ್ದದ್ದು ಅಪ್ಪ ಅಮ್ಮನಿಗೆ. ಫೋನಿನಲ್ಲಿ ಮಾತಾಡಿ ಅವಳನ್ನು ಮೆಚ್ಚಿದ ಒಂದು ಗಂಡಿನ ಮನೆಯವರು, “ಫೋಟೋದಲ್ಲಿ ಮುಖ ಸರಿಯಾಗಿ ಕಾಣಿಸ್ತಿಲ್ಲ, ಐದು ವಾರ ಬಿಟ್ಟು ಬಂದು ನೋಡ್ತೀವಿ” ಎಂದಿದ್ದರು. ಅಂದಿನಿಂದ ಮನೆಯಲ್ಲಿ ಲೇಸರ್ ಎಂಬ ಮಾತು ಶುರುವಾಯಿತು.

ಅಜ್ಜನ ಮನೆಯಲ್ಲಿ, ಅಂಥ ಎಷ್ಟೋ ಮನೆಗಳಲ್ಲಿ, ಯಾರೂ ಬರೆದಿಡದ ಒಂದು ರೂಢಿಯುಂಟು. ಮದುವೆಯಾಗಬೇಕಾದ ಹುಡುಗಿಗೆ ಕಾಯಿಲೆ ಬರಬಾರದು; ಬಂದರೂ ಬಂದಿಲ್ಲ. ಕನ್ನಡಕ ಪೆಟ್ಟಿಗೆಯೊಳಗೆ, ಮಾತ್ರೆ ಸಕ್ಕರೆ ಡಬ್ಬದ ಹಿಂದೆ. ಹುಡುಗಿ ಕೆಮ್ಮಿದರೆ ತಾಯಿ ತಾನು ಕೆಮ್ಮಿದಂತೆ ಎದೆ ಒತ್ತಿಕೊಳ್ಳುತ್ತಾಳೆ. ತಲೆಮಾರಿನಿಂದ ತಲೆಮಾರಿಗೆ ಹೆಂಗಸರು ಇದನ್ನೇ ಮಾನ ಎಂದು ಕಲಿಸುತ್ತಾ ಬಂದಿದ್ದಾರೆ. ಗಂಡಸರು ಕಲಿಸಲು ಬಿಟ್ಟಿದ್ದಾರೆ.

ಚರ್ಮದ ಡಾಕ್ಟರ ಹತ್ತಿರ ಹುಡುಗಿ, ಅಜ್ಜ, ಮಗ, ಸೊಸೆ ನಾಲ್ವರೂ ಹೋದರು. ಡಾಕ್ಟರು ನಿಧಾನವಾಗಿ ಬಿಡಿಸಿ ಹೇಳಿದರು.

“ಮೇಲಿನ ಪದರಾನ ಲೇಸರ್‌ನಿಂದ ಸುಟ್ಟು ತೆಗೀತೀವಿ. ಅಡಿಯಿಂದ ಹೊಸದು ಬರಬೇಕು. ಎರಡು ವಾರ ಅದು ಹಸಿ ಗಾಯ ಅಂತಲೇ ತಿಳ್ಕೊಳ್ಳಿ. ಕೆಂಪು ಪೂರ್ತಿ ಹೋಗೋಕೆ ಮೂರು ತಿಂಗಳಾದ್ರೂ ಬೇಕು.”

“ಐದು ವಾರಕ್ಕೆ ನೆಂಟರು ಬರ್ತಾರೆ ಡಾಕ್ಟರೇ,” ಎಂದ ಮಗ.

“ನೆಂಟರಿಗೆ ನಿಧಾನವಾಗಿ ಬನ್ನಿ ಅಂತ ಹೇಳಬಹುದು. ಚರ್ಮಕ್ಕೆ ಬೇಗ ಬಾ ಅನ್ನೋಕಾಗಲ್ಲ.” ಡಾಕ್ಟರು ಹುಡುಗಿಯ ಕಡೆ ತಿರುಗಿದರು. “ಇದು ಮುಖ್ಯ. ತುಟಿ ಅಂಚಲ್ಲಿ ಆಗಾಗ ನೀರುಗುಳ್ಳೆ ಏಳುತ್ತಾ ನಿನಗೆ?”

ಹುಡುಗಿ ಬಾಯಿ ತೆರೆದಳು. ಮೇಜಿನ ಕೆಳಗೆ ತಾಯಿ ಅವಳ ಕೈ ಚಿವುಟಿದ್ದು ಅಜ್ಜನ ಕಣ್ಣಿಗೆ ಬಿತ್ತು.

“ಏನೂ ಇಲ್ಲ ಡಾಕ್ಟರೇ,” ಎಂದಳು ಸೊಸೆ. “ನಮ್ಮ ಹುಡುಗಿಗೆ ಇವತ್ತಿನವರೆಗೂ ಒಂದು ಶೀತ ಕೂಡ ಬಂದಿಲ್ಲ.”

ಹೊರಗೆ ಬಂದ ಮೇಲೆ ಅಜ್ಜ ಕೇಳಿದರು. “ವರ್ಷಕ್ಕೆರಡು ಸಲ ಏಳುತ್ತಲ್ಲಮ್ಮ? ಡಾಕ್ಟರ ಹತ್ರ ಯಾಕೆ ಸುಳ್ಳು?”

“ಬಾಗಿಲಾಚೆ ಕೂತಿದ್ದೋರು ಯಾರು, ಯಾರ ಕಡೆಯೋರು ಅಂತ ನಮಗೇನು ಗೊತ್ತು ಮಾವ? ಎದ್ದು ಮೂರು ದಿನಕ್ಕೆ ಹೋಗೋ ಗುಳ್ಳೆ. ಅದೂ ಒಂದು ಕಾಯಿಲೆನಾ?”

ಹಿಂದಕ್ಕೆ ಹೋಗಿ ಡಾಕ್ಟರ ಬಾಗಿಲು ತಟ್ಟಲು ಅಜ್ಜನಿಗೆ ಕಾಲಿತ್ತು, ಬಾಯಿಯೂ ಇತ್ತು. ತಟ್ಟಲಿಲ್ಲ.

ಮನೆಯಲ್ಲಿ ಮಗನಿಗೆ ಹೇಳಿ ನೋಡಿದರು. “ಅಂಟು ಹಸಿ ಇರುವಾಗ ಪುಸ್ತಕ ಬಿಚ್ಚಿದ್ರೆ ಹಾಳೆಯೇ ಕಿತ್ತು ಬರುತ್ತೆ ಕಣೋ. ಅವರನ್ನ ಮೂರು ತಿಂಗಳು ಬಿಟ್ಟು ಬನ್ನಿ ಅನ್ನು. ಇಲ್ಲಾ, ಮುಖ ಇರೋ ಹಾಗೇ ಇರಲಿ ಬಿಡು.”

“ಇದು ಪುಸ್ತಕ ಅಲ್ಲ ಅಪ್ಪ, ಸಂಬಂಧ. ಮೂರು ತಿಂಗಳು ಅಂದ್ರೆ ಯಾಕೆ ಅಂತ ಕೇಳ್ತಾರೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತ ದೊಡ್ಡೋರೇ ಹೇಳಿದಾರೆ. ನಾವು ಹೇಳೋದು ಒಂದೇ ಒಂದು.”

ಆ ಒಂದು ಸುಳ್ಳು ಹೀಗಿತ್ತು: ಹುಡುಗಿ ದೊಡ್ಡಮ್ಮನ ಊರಿಗೆ ಹೋಗಿದ್ದಾಳೆ, ಬರುವುದು ತಿಂಗಳಾಗುತ್ತದೆ.

ಲೇಸರ್ ಆದ ದಿನ ತಲೆಗೆ ಬಟ್ಟೆ ಸುತ್ತಿ, ಬೀದಿ ಖಾಲಿಯಾಗಿದ್ದ ಹೊತ್ತು ನೋಡಿ ಅವಳನ್ನು ಒಳಗೆ ತಂದರು. ಅವಳ ಚಪ್ಪಲಿ ಬಾಗಿಲಿನಿಂದ ಮಾಯವಾಯಿತು. ಅವಳ ಬಟ್ಟೆ ಹೊರಗಿನ ಹಗ್ಗದ ಮೇಲೆ ಒಣಗಲಿಲ್ಲ. ಹಿಂದಿನ ಕೋಣೆಯ ಕಿಟಕಿಗೆ ರಟ್ಟು ಹೊಡೆಯಬೇಕೆಂದಾಗ ಅಜ್ಜನೇ ಅಳತೆಗೆ ಕತ್ತರಿಸಿ ಕೊಟ್ಟರು. ಎಲ್ಲಕ್ಕಿಂತ ಕಷ್ಟದ್ದು ದನಿ. ಊರಿಗೆಲ್ಲ ಗೊತ್ತಿರುವ ದನಿ ಗೋಡೆಯಾಚೆ ಕೇಳಿಸಬಾರದಲ್ಲ! ಪಿಸುಮಾತಿನಲ್ಲೇ ಆಡಬೇಕು ಎಂದು ಅಮ್ಮ ಕಟ್ಟಪ್ಪಣೆ ಮಾಡಿದಳು.

ಮುಖವೆಲ್ಲ ಕೆಂಪಗೆ ಊದಿ, ಹಸಿ ಹಸಿಯಾಗಿ ಮುಲಾಮಿನಲ್ಲಿ ಹೊಳೆಯುತ್ತಿದ್ದರೂ ಹುಡುಗಿ ನಗಿಸುವುದನ್ನು ಬಿಡಲಿಲ್ಲ. ಅಜ್ಜ ತಟ್ಟೆ ತಂದಾಗ ಪಿಸುಗುಟ್ಟಿದಳು: “ನಾನು ಊರಲ್ಲಿಲ್ಲ ಅಜ್ಜ. ಊಟ ಮಾತ್ರ ಇಲ್ಲಿ.”

ಮರುದಿನವೇ ನರ್ಸಮ್ಮ ಕಿಟಕಿಗೆ ಬಂದರು. “ಮೈಕಕ್ಕ ಎಲ್ಲಿ ಅಜ್ಜ? ನಿಲ್ದಾಣದಲ್ಲಿ ಯಾವನೋ ಗೊಗ್ಗರು ದನಿಯವನು ಕಿರುಚ್ತಾನೆ. ನಾನು ತಪ್ಪು ಬಸ್ ಹತ್ತಿ ಆಸ್ಪತ್ರೆಗೆ ಒಂದು ಗಂಟೆ ತಡವಾಗಿ ಹೋದೆ.”

“ದೊಡ್ಡಮ್ಮನ ಊರಿಗೆ ಹೋಗಿದಾಳಮ್ಮ.”

ಎಪ್ಪತ್ತೆಂಟು ವರ್ಷದ ನಾಲಿಗೆ ಅದನ್ನು ಎಷ್ಟು ಸಲೀಸಾಗಿ ಹೇಳಿಬಿಟ್ಟಿತು! ಅಂದು ಸಂಜೆ ಅಜ್ಜ ಪ್ರಾರ್ಥನೆಗೆ ಕೂತರು. ಬಾಯಿಪಾಠವಾಗಿದ್ದ ಸಾಲುಗಳು ಅರ್ಧಕ್ಕೇ ನಿಂತುಹೋದವು.

ಐದನೆಯ ದಿನ ತುಟಿಯ ಅಂಚಿನಲ್ಲಿ ಗುಳ್ಳೆ ಎದ್ದಿತು. ಸಂಜೆಯ ಹೊತ್ತಿಗೆ ಅದು ಕೆನ್ನೆಯ ಹಸಿ ಚರ್ಮದ ಮೇಲೆಲ್ಲ ಎಳ್ಳು ಚೆಲ್ಲಿದಂತೆ ಹರಡಿತ್ತು.

“ಅದೇ ಗುಳ್ಳೆ ಅಜ್ಜ,” ಎಂದಳು. “ಮುಖಾನ ಬೆಂಕಿಗೆ ಹಿಡಿದ ಹಾಗಿದೆ. ಡಾಕ್ಟರಿಗೆ ಹೇಳೋಣ.”

ಅಜ್ಜ ಮಗನ ಮುಂದೆ ನಿಂತರು. “ಫೋನ್ ಮಾಡು.”

“ಮಾಡಿದ್ರೆ ಕರ್ಕೊಂಡು ಬನ್ನಿ ಅಂತಾರೆ. ಊರಲ್ಲೇ ಇಲ್ಲದವಳನ್ನ ಯಾವ ಬಾಗಿಲಿಂದ ಕರ್ಕೊಂಡು ಹೋಗ್ಲಿ?”

“ಹಾಗಾದ್ರೆ ನರ್ಸಮ್ಮನ್ನ ಕರೀತೀನಿ. ಹತ್ತು ಹೆಜ್ಜೆ.”

“ಅಯ್ಯೋ ಮಾವ!” ಸೊಸೆ ಬಾಗಿಲಿಗೆ ಅಡ್ಡ ನಿಂತಳು. “ಅವರ ಬಾಯಿಗೆ ಬಿದ್ರೆ ಊರಿಗೆ ಡಂಗುರ ಹೊಡೆದ ಹಾಗೇ. ಹೊಸ ಚರ್ಮ ಬರುವಾಗ ಹೀಗೇ ಇರುತ್ತೆ. ಇಷ್ಟು ದಿನ ತಡೆದ್ವಲ್ಲ, ಇನ್ನೆರಡು ದಿನ. ನಾನೇನು ಅವಳ ಶತ್ರುನಾ?”

ಶತ್ರುವಲ್ಲ. ಆ ತಾಯಿ ಕೂತಲ್ಲೇ ನಿದ್ದೆಗೆಟ್ಟು ಬೀಸಣಿಗೆ ಬೀಸುತ್ತಿದ್ದಳು. ತನ್ನ ತಾಯಿ ತನಗೆ ಮಾಡಿದ್ದನ್ನೇ ಮಗಳಿಗೆ ಮಾಡುತ್ತಿದ್ದಳು. ಅದಕ್ಕೇ ಅಲ್ಲವೆ ಇಂಥ ರೂಢಿಗಳು ಉಳಿಯುವುದು? ದ್ವೇಷದಿಂದ ಬಂದಿದ್ದರೆ ಯಾವತ್ತೋ ಸಾಯುತ್ತಿದ್ದವು.

ಏಳನೆಯ ದಿನ ಬೆಳಿಗ್ಗೆ ಜ್ವರ ಏರಿತು. ಹುಡುಗಿ ಕನವರಿಸತೊಡಗಿದಳು. ಇದ್ದಕ್ಕಿದ್ದಂತೆ ಎದ್ದು ಕೂತು, ವಾರದಿಂದ ಅದುಮಿಟ್ಟಿದ್ದ ದನಿಯನ್ನು ಪೂರ್ತಿ ಬಿಟ್ಟು ಕರೆದಳು: “ಪ್ರಯಾಣಿಕರ ಗಮನಕ್ಕೆ! ಎರಡನೇ ಅಂಕಣದಲ್ಲಿ ನಿಂತಿರುವ ಬಸ್ಸು ಇನ್ನು ಐದು ನಿಮಿಷದಲ್ಲಿ ಹೊರಡಲಿದೆ...”

ಮಗ ಓಡಿಹೋಗಿ ರೇಡಿಯೋದ ದನಿ ಏರಿಸಿದ.

ಬೀದಿಯಲ್ಲಿ ಆಗ ಹಾಲು ತರುವವರು, ಶಾಲೆಗೆ ಹೊರಟ ಮಕ್ಕಳು, ನೀರು ಹಿಡಿಯುವವರು. “ಮಧ್ಯಾಹ್ನ ಜನ ಕಡಿಮೆಯಾಗ್ಲಿ,” ಎಂದ ಮಗ. ಅಜ್ಜ ಬಾಗಿಲ ಕಡೆ ನಡೆದರೆ ಅವನು ಅವರ ಕೈ ಹಿಡಿದುಕೊಂಡು ಮಗುವಿನಂತೆ ಅತ್ತ. “ಇಷ್ಟು ಮಾಡಿ ಈಗ ಬಯಲಾದ್ರೆ ಅವಳ ಬಾಳೇ ಹೋಯ್ತು ಅಪ್ಪ. ಸ್ವಲ್ಪ ಹೊತ್ತು.” ಅಜ್ಜ ನಿಂತುಬಿಟ್ಟರು. ಒಳಗೆ ರೇಡಿಯೋ, ರೇಡಿಯೋದ ಒಳಗೆ ಆ ದನಿ, ಯಾವ ಯಾವುದೋ ಊರಿನ ಬಸ್ಸುಗಳನ್ನು ಕಳಿಸುತ್ತಾ ಇತ್ತು. ಹನ್ನೊಂದರ ಹೊತ್ತಿಗೆ ಪಿಸುಮಾತಾಯಿತು. ಆಮೇಲೆ ಅದೂ ನಿಂತಿತು.

ಮಧ್ಯಾಹ್ನ ಮೂರಕ್ಕೆ ಹೊದಿಕೆ ಸುತ್ತಿ ಕಾರಿನಲ್ಲಿ ಮಲಗಿಸಿದರು.

ದೊಡ್ಡಾಸ್ಪತ್ರೆಗೆ ಚರ್ಮದ ಡಾಕ್ಟರೂ ಓಡಿಬಂದರು. ಮುಖದ ಗುಳ್ಳೆಯ ಸೋಂಕು ತಲೆಗೇರಿತ್ತು, ಗಾಯ ಕೀತು ನಂಜು ರಕ್ತಕ್ಕಿಳಿದಿತ್ತು. “ಗುಳ್ಳೆ ಬರುತ್ತೆ ಅಂತ ಒಂದು ಮಾತು ಹೇಳಿದ್ರೆ ಲೇಸರಿಗೆ ಮುಂಚೆಯೇ ಮಾತ್ರೆ ಶುರು ಮಾಡ್ತಿದ್ದೆ,” ಎಂದು ಅವರು ಗೋಡೆಗೆ ಒರಗಿದರು. “ಗುಳ್ಳೆ ಎದ್ದ ದಿನವೇ ಕರ್ಕೊಂಡು ಬಂದಿದ್ರೂ ಉಳೀತಿದ್ಳೇನೋ.”

ಮೂರನೆಯ ದಿನ ಬೆಳಿಗ್ಗೆ ಹುಡುಗಿ ಹೋದಳು. ಇಪ್ಪತ್ನಾಲ್ಕು ವರ್ಷ.

ದೇಹವನ್ನು ಮನೆಗೆ ತಂದಾಗ ಮುಂದಿನ ಕೋಣೆ ಜನರಿಂದ ತುಂಬಿತು. ಅಜ್ಜನ ಮೇಜನ್ನು ಗೋಡೆಗೆ ಸರಿಸಿದ್ದರು. ಮಗ ಬಂದವರಿಗೆಲ್ಲ ತಲೆ ತಗ್ಗಿಸಿ ಹೇಳುತ್ತಿದ್ದ: “ದೊಡ್ಡಮ್ಮನ ಊರಲ್ಲಿ ಏನೋ ಜ್ವರ ತಗುಲಿತು. ಅಲ್ಲಿಂದ ಕರ್ಕೊಂಡು ಬರೋ ಹೊತ್ತಿಗೆ ಮೀರಿತ್ತು.”

ನರ್ಸಮ್ಮ ಕೆಲಸದ ಬಟ್ಟೆಯಲ್ಲೇ ಬಂದಿದ್ದರು. ಬಹಳ ಹೊತ್ತು ಆ ಮುಖವನ್ನು ನೋಡಿದರು. ಅದು ಬರೀ ಜ್ವರವಲ್ಲ; ಆಸ್ಪತ್ರೆಯಲ್ಲಿ ಅವರು ಅಂಥ ಮುಖಗಳನ್ನು ಕಂಡವರು. ಎದ್ದು ಅಜ್ಜನ ಮುಂದೆ ಕೂತರು.

“ಅಜ್ಜ, ಮೊನ್ನೆ ಬೆಳಿಗ್ಗೆ ಗೋಡೆಯಾಚೆ ನನಗೆ ಅವಳ ದನಿ ಕೇಳಿಸ್ತು. ದಿನಾ ಕೇಳಿ ಕೇಳಿ ಕಿವಿಯಲ್ಲೇ ಉಳಿದಿದೆ ಅಂದ್ಕೊಂಡು ಸುಮ್ನಿದ್ದೆ. ಹೇಳಿ, ಅವಳು ಎಲ್ಲಿದ್ಳು?”

ಅಜ್ಜ ದೇವರನ್ನು ನೆನೆದರು. ಕ್ಷಮೆ ಕೇಳುವಷ್ಟು ಧೈರ್ಯ ಬರಲಿಲ್ಲ. ನಾಲಿಗೆ ತಡವರಿಸದಿರಲಿ ಎಂದಷ್ಟೇ ಬೇಡಿದರು.

“ಇಲ್ಲೇ ಇದ್ಳಮ್ಮ. ಈ ಗೋಡೆ ಹಿಂದೆ. ನೆಂಟರು ಮೆಚ್ಚಲಿ ಅಂತ ಮುಖಕ್ಕೆ ಲೇಸರ್ ಮಾಡಿಸಿದ್ವಿ. ಬಯಲಾಗಬಾರದು ಅಂತ ಬಚ್ಚಿಟ್ವಿ. ಬಚ್ಚಿಟ್ಟೇ ಸಾಯಿಸಿದ್ವಿ.”

“ಅಪ್ಪಾ!” ಮಗ ಚೀರಿದ. “ನಿಮಗೆ ಬುದ್ಧಿ ಇದೆಯಾ? ಮನೇಲಿ ಇನ್ನೊಬ್ಬಳು ಇದಾಳೆ!”

“ಅವಳಾದ್ರೂ ಉಳೀಲಿ ಅಂತಲೇ ಹೇಳ್ತಿದೀನಿ ಕಣೋ.”

ಮಗಳ ಪಾದ ಹಿಡಿದು ಕೂತಿದ್ದ ಸೊಸೆ ತಲೆಯೆತ್ತದೆ, ಯಾರಿಗೂ ಅಲ್ಲವೆಂಬಂತೆ ಹೇಳಿದಳು: “ಡಾಕ್ಟರು ಕೇಳಿದ್ರು. ಇವಳು ಹೇಳೋಕೆ ಹೊರಟಿದ್ಳು. ನಾನೇ ಚಿವುಟಿದೆ.”

ಆಗ ಒಳಬಾಗಿಲ ಹತ್ತಿರ ನಿಂತಿದ್ದ ಚಿಕ್ಕವಳು, ಹದಿನೇಳು ವರ್ಷದವಳು, ಜನರ ನಡುವೆ ದಾರಿ ಮಾಡಿಕೊಂಡು ಬಂದಳು. ನರ್ಸಮ್ಮನ ಮುಂದೆ ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದಳು:

“ನನ್ನ ಬಲಗಿವಿ ಸೋರುತ್ತೆ. ಮೂರು ತಿಂಗಳಾಯ್ತು. ಈಗ ಆ ಕಡೆಯಿಂದ ಸರಿಯಾಗಿ ಕೇಳಿಸೋದೂ ಇಲ್ಲ. ಯಾರಿಗೂ ಹೇಳ್ಬೇಡ ಅಂದಿದ್ರು.”

ನೆರೆದವರಲ್ಲಿ ಮದುವೆಯ ವಯಸ್ಸಿಗೆ ಬಂದ ಹೆಣ್ಣುಮಕ್ಕಳ ತಾಯಂದಿರು ಬಹಳ ಮಂದಿ ಇದ್ದರು. ಒಬ್ಬೊಬ್ಬರೂ ನೆಲ ನೋಡಿದರು.

ನರ್ಸಮ್ಮ ಕಣ್ಣೊರೆಸಿಕೊಂಡು ಅವಳ ಕೈ ಹಿಡಿದರು. “ಬಾ ಮಗಳೇ, ಕಿಟಕಿ ಹತ್ರ ಬಾ. ಬೆಳಕಲ್ಲಿ ನೋಡೋಣ.”