ಫೆಬ್ರವರಿಯ ಏಲಕ್ಕಿ ಬನ್ನು

ಒಂದು ಜೊತೆ ಕೈಗವಸಿಗೆ ನೂರ ಎಂಬತ್ತು ಯೂರೋ. ಕೋಲೊಂದಕ್ಕೆ ಇನ್ನೂರ ಅರವತ್ತು. ಬೆಳಿಗ್ಗೆ ಪೆಟ್ಟಿಗೆಯಿಂದ ತೆಗೆದದ್ದು ಸಂಜೆಗೆ ಎರಡು ತುಂಡಾಗಿರುತ್ತದೆ. ಸ್ಕೇಟ್ ಬೂಟು ಒಂಬೈನೂರು. ಹಲ್ಲು ಕಟ್ಟಿಸುವ ಖರ್ಚು ಆಟಗಾರನಿಂದ ಆಟಗಾರನಿಗೆ ಬೇರೆ, ಎಷ್ಟು ಉಳಿದಿವೆ ಅನ್ನುವುದರ ಮೇಲೆ. ಮನೆಯಲ್ಲಿ ಮಾಡಿದ ಏಲಕ್ಕಿ ಬನ್ನಿಗೆ, ಬೆಣ್ಣೆ ಧಾರಾಳವಾಗಿ ಹಾಕಿದರೂ, ಮೂವತ್ತು ಸೆಂಟು ದಾಟುವುದಿಲ್ಲ. ಕಳೆದ ವರ್ಷ ಹೌಕಿಲಂಪಿ ಐಸ್ ಹಾಕಿ ತಂಡಕ್ಕೆ ಇವುಗಳಲ್ಲಿ ಎಲ್ಲಕ್ಕಿಂತ ದುಬಾರಿಯಾಗಿ ಬಿದ್ದದ್ದು ಬನ್ನು.

ನಾನು ಆ ತಂಡದ ಸಾಮಾನಿನವಳು. ಹೆಸರು ಹಿಲ್ಕಾ ತುರ್ಪೆಯ್ನೆನ್. ಇಪ್ಪತ್ತೆರಡು ವರ್ಷದಿಂದ ಸ್ಕೇಟಿನ ಅಲಗಿಗೆ ಸಾಣೆ ಹಿಡಿಯುತ್ತೇನೆ, ಬೆವರಿನ ಬನಿಯನ್ ಒಗೆಯುತ್ತೇನೆ, ಹರಿದದ್ದನ್ನು ಹೊಲಿಯುತ್ತೇನೆ. ಗೆದ್ದ ತಂಡದ ಬಟ್ಟೆಯೂ ಸೋತ ತಂಡದ ಬಟ್ಟೆಯೂ ಒಂದೇ ನಾತ ಹೊಡೆಯುತ್ತವೆ ಎಂದು ಅನುಭವದಿಂದ ಹೇಳಬಲ್ಲೆ.

ನಮ್ಮ ಕೈಗವಸು ಕೆಂಪು ಹಳದಿ. ಆ ಬಣ್ಣದಲ್ಲಿ ಅಂಗಡಿಯಲ್ಲಿ ಸಿಗುವುದಿಲ್ಲ, ಹೇಳಿ ಮಾಡಿಸಬೇಕು. ಕಾರ್ಖಾನೆಯವರು ಆರು ತಿಂಗಳು ತೆಗೆದುಕೊಳ್ಳುತ್ತಾರೆ. ಆಗಸ್ಟಿನಲ್ಲಿ ಬೇಕೆಂದರೆ ಫೆಬ್ರವರಿಯ ಮೊದಲ ವಾರದಲ್ಲೇ ಹೇಳಿಬಿಡಬೇಕು. ಹಾಗಾಗಿ ಪ್ರತಿ ಫೆಬ್ರವರಿಯಲ್ಲೂ ನಮ್ಮ ಮ್ಯಾನೇಜರ್ ರೈಮೊ ಕೌಪ್ಪಿಲಾ ನನ್ನ ಸಾಣೆ ಕೋಣೆಗೆ ಬಂದು, ಬಾಗಿಲು ಹಾಕಿಕೊಂಡು, ಹೆಸರುಗಳನ್ನು ಮೆತ್ತಗೆ ಓದುತ್ತಾನೆ. ಓದಿದ ಹೆಸರಿನವನು ಮುಂದಿನ ವರ್ಷಕ್ಕೂ ಇದ್ದಾನೆ. ಓದದ ಹೆಸರಿನವನು ಇಲ್ಲ. ಆಟದ ಋತು ಮುಗಿಯುವುದಕ್ಕೆ ಇನ್ನೂ ಎರಡು ತಿಂಗಳಿರುತ್ತದೆ. ಪಟ್ಟಿಯಲ್ಲಿ ಹೆಸರಿಲ್ಲದವನು ಆ ಎರಡು ತಿಂಗಳೂ ದಿನಾ ನನ್ನ ಮುಂದೆ ಬೂಟು ಬಿಚ್ಚಿ ಕೂತು ಹೆಂಡತಿ ಮಕ್ಕಳ ಸುದ್ದಿ ಹೇಳುತ್ತಿರುತ್ತಾನೆ. ನಾನು ಬಾಯಿ ಬಿಡುವಂತಿಲ್ಲ. ಹಾಗೆಂದು ಕಾಗದಕ್ಕೆ ಸಹಿ ಹಾಕಿದ್ದೇನೆ. ಬಾಯಿ ಬಿಟ್ಟರೆ ಕೆಲಸ ಹೋಯಿತು. ಪಿಂಚಣಿಗೆ ಇನ್ನೆರಡು ವರ್ಷವಿದೆ.

ಮೊದಲ ವರ್ಷಗಳಲ್ಲಿ ನನಗೆ ಬುದ್ಧಿಯಿರಲಿಲ್ಲ. ಪಟ್ಟಿಯಲ್ಲಿಲ್ಲದ ಒಬ್ಬನನ್ನು ನೋಡಿ ಕರುಳು ಚುರ್ರೆಂದು ಉಣ್ಣೆಯ ಕಾಲುಚೀಲ ಹೆಣೆದು ಕೊಟ್ಟೆ. ಮಾರನೆಯ ವರ್ಷ ಇನ್ನೊಬ್ಬನಿಗೂ ಕೊಟ್ಟೆ. ಇಬ್ಬರೂ ಏಪ್ರಿಲ್‌ನಲ್ಲಿ ಗಂಟುಮೂಟೆ ಕಟ್ಟಿದರು. ಐಸ್ ಹಾಕಿ ಆಟಗಾರರು ದಡ್ಡರೆಂದು ಹೆಸರು ಹೊತ್ತಿದ್ದಾರೆ, ಆದರೆ ಎರಡಕ್ಕೆ ಎರಡು ಕೂಡಿಸಲು ಬರುತ್ತದೆ. ಅಲ್ಲಿಂದ ಫೆಬ್ರವರಿಯಲ್ಲಿ ನಾನು ಯಾರ ಹತ್ತಿರವಾದರೂ ಮೆತ್ತಗೆ ಮಾತಾಡಿದರೆ ಸಾಕು, ಅವನು ನೇರ ಏಜೆಂಟಿಗೆ ಫೋನು ಹಚ್ಚುತ್ತಿದ್ದ. ಆದ್ದರಿಂದ ನಾನು ಎಲ್ಲರನ್ನೂ ಬೈಯುವುದನ್ನು ರೂಢಿ ಮಾಡಿಕೊಂಡೆ. ಇರುವವನಿಗೂ ಹೋಗುವವನಿಗೂ ಒಂದೇ ಅಳತೆ. ನನ್ನಿಂದ ಬೈಸಿಕೊಂಡ ದಿನ ಅವರಿಗೆ ಊಟ ಸೇರುತ್ತದೆ.

ಇದು ಬಟ್ಟೆ ಬದಲಿಸುವ ಕೋಣೆಯ ಒಳಗಿನವರಿಗೆ ಗೊತ್ತು. ರೈಮೊಗೆ ಮಾತ್ರ ಗೊತ್ತಿರಲಿಲ್ಲ. ಅವನು ನನ್ನನ್ನು ಬಾಯಿಬಡುಕಿ ಅಂದುಕೊಂಡಿದ್ದ, ಅಷ್ಟೆ.

ಕಳೆದ ಫೆಬ್ರವರಿಯಲ್ಲಿ ಅವನು ಹದಿನೇಳು ಹೆಸರು ಓದಿ ಕಾಗದ ಮಡಚಿದ. ಬಿಟ್ಟ ನಾಲ್ವರಲ್ಲಿ ಮೂವರು ಆಗಲೇ ಬೇರೆ ಕಡೆ ಜಾಗ ಹಿಡಿದಿದ್ದರು. ನಾಲ್ಕನೆಯವನ ಅಂಗಿಯ ನಂಬರು ಇಪ್ಪತ್ತೇಳು.

"ತರ್ಮೊ ಹೆಸರು ಓದ್ಲಿಲ್ಲ ನೀನು," ಅಂದೆ.

"ನನಗೆ ಓದೋಕೆ ಬರುತ್ತೆ, ಹಿಲ್ಕಾ."

"ಅವನು ಕ್ಯಾಪ್ಟನ್ನು."

"ಮೂವತ್ತಾರು ವರ್ಷ. ಮಂಡಿ ಸವೆದಿದೆ. ಅರ್ಧ ದುಡ್ಡಿಗೆ ಒಬ್ಬ ಲಾಟ್ವಿಯಾದವನು ಸಿಗ್ತಾನೆ."

"ಅವನಿಗೆ ಹೇಳಿದ್ಯಾ?"

"ಏಪ್ರಿಲ್‌ನಲ್ಲಿ ಹೇಳ್ತೀನಿ. ಈಗ ಹೇಳಿದ್ರೆ ಕಾಲೆಳ್ಕೊಂಡು ಆಡ್ತಾನೆ."

"ಹನ್ನೊಂದು ವರ್ಷದಲ್ಲಿ ತರ್ಮೊ ಕಾಲೆಳ್ಕೊಂಡು ಆಡಿದ್ದು ಕಾಲು ಮುರಿದಾಗ ಒಂದ್ಸಲ."

"ಅದೇ ಮಂಡಿ," ಅಂದ ರೈಮೊ. "ಕೈಗವಸಿನ ಪಟ್ಟಿಗೆ ಸಹಿ ಹಾಕು."

ರೈಮೊ ಕೆಟ್ಟವನಲ್ಲ. ಕಿಟಕಿ ಮಾಡುವ ಕಾರ್ಖಾನೆ ಇಟ್ಟುಕೊಂಡವನು, ತನ್ನ ದುಡ್ಡು ಸುರಿದು ಊರಿನ ತಂಡ ಉಳಿಸಿದವನು. ಆದರೆ ಅವನಿಗೆ ಗಾಜೂ ಮನುಷ್ಯನೂ ಬಿರುಕು ಬಿಡುವ ತನಕ ಒಂದೇ ರೀತಿ ಕಾಣಿಸುತ್ತವೆ.

ಮೂರು ದಿನ ಕಳೆದ ಮೇಲೆ ತರ್ಮೊ ಹ್ಯುಟ್ಟಿನೆನ್ ಅಲಗು ಮೊಂಡಾಗಿದೆ ಎಂದು ನನ್ನ ಕೋಣೆಗೆ ಬಂದ. ಮೊಂಡಾಗಿರಲಿಲ್ಲ. ಮಾತಾಡಲು ಬಂದಿದ್ದ.

"ಪಿಟ್ಕಾಯೊಕಿಯವರು ಕರೀತಿದ್ದಾರೆ," ಅಂದ. ಪಿಟ್ಕಾಯೊಕಿ ಎಂದರೆ ನಮ್ಮ ಪಕ್ಕದೂರು, ನಮ್ಮ ಹಳೆಯ ಹಗೆ. "ಎರಡು ವರ್ಷಕ್ಕೆ. ಆಮೇಲೆ ಅಲ್ಲೇ ಶಾಲೆ ಮಕ್ಕಳಿಗೆ ಕಲಿಸೋ ಕೆಲಸ. ಶುಕ್ರವಾರದೊಳಗೆ ಹೇಳ್ಬೇಕಂತೆ, ಇಲ್ಲಾಂದ್ರೆ ಬೇರೆಯವನನ್ನ ತಗೋತಾರೆ."

ನಾನು ಅಲಗನ್ನು ಕಲ್ಲಿಗೆ ಕೊಟ್ಟೆ. ಕಿಡಿ ಹಾರುವಾಗ ಮುಖ ನೋಡಬೇಕಾಗಿಲ್ಲ.

"ಬೇಡ ಅಂತ ಹೇಳೋಣ ಅಂತಿದ್ದೀನಿ," ಅಂದ. "ರೈಮೊ ಮೊನ್ನೆ ಹೆಗಲ ಮೇಲೆ ಕೈ ಹಾಕಿ, ಅವಸರ ಬೇಡ, ವಸಂತದಲ್ಲಿ ಕೂತು ಮಾತಾಡೋಣ ಅಂದ. ಮಗಳು ಆಗಸ್ಟಿಗೆ ಶಾಲೆಗೆ ಸೇರ್ತಾಳೆ. ಹೆಂಡ್ತಿ ಸಾತು ಕೆಲ್ಸನೂ ಇಲ್ಲಿ ಆಸ್ಪತ್ರೇಲೇ ಇದೆ. ಯಾಕೆ ಸುಮ್ನೆ ಅಲೆದಾಡೋದು?"

"ಪಿಟ್ಕಾಯೊಕೀಲಿ ಆಸ್ಪತ್ರೆ ದೊಡ್ಡದು," ಅಂದೆ.

"ಅಲ್ಲಿ ಸಾಸೇಜ್ ಚೆನ್ನಾಗಿರಲ್ಲ."

"ಶಾಲೆ ಹೊಸ್ದಾಗಿ ಕಟ್ಟಿದ್ದಾರಂತೆ."

"ಹಿಲ್ಕಾ, ಪಿಟ್ಕಾಯೊಕಿ ಕಾಫಿ ಕುಡಿದ್ರೆ ಹೊಟ್ಟೆ ಕೆಡುತ್ತೆ ಅಂದೋಳು ನೀನೇ."

"ಕೆಡುತ್ತೆ," ಅಂದೆ. "ನಿನ್ನ ಲೇಸು ಕೊಳೆತು ನಾರ್ತಿದೆ. ಎತ್ಕೊಂಡು ಹೋಗಾಚೆ."

ಅವನು ನೆಮ್ಮದಿಯಿಂದ ನಕ್ಕು ಹೋದ. ಶುಕ್ರವಾರ ಅವನು ಬೇಡ ಅನ್ನುತ್ತಾನೆ. ಏಪ್ರಿಲ್‌ನಲ್ಲಿ ರೈಮೊ ಅವನಿಗೆ ಬೇಡ ಅನ್ನುತ್ತಾನೆ. ಆ ಹೊತ್ತಿಗೆ ಮೂವತ್ತಾರರ ಸವೆದ ಮಂಡಿಗೆ ಜಾಗ ಎಲ್ಲಿರುತ್ತದೆ? ಕಂಚಿನ ಲೋಟ ಕೊಟ್ಟು ಕಳಿಸುತ್ತಾರೆ. ಇದುವರೆಗೆ ಎಂಟು ಲೋಟಕ್ಕೆ ಹೆಸರು ಕೆತ್ತಿಸಿ ತಂದವಳು ನಾನೇ.

ಬಾಯಿ ಬಿಡುವುದಿಲ್ಲವೆಂದು ಸಹಿ ಹಾಕಿದ್ದ ಕಾಗದ ತೆಗೆದು ಓದಿದೆ. ಬಾಯಿಮಾತಿನಿಂದ ತಿಳಿಸಬಾರದು, ಬರೆದು ತಿಳಿಸಬಾರದು, ಪಟ್ಟಿ ತೋರಿಸಬಾರದು. ಸರಿ. ಗುರುವಾರ ಸಂಜೆ ಹಿಟ್ಟು ನಾದಿದೆ.

ಶುಕ್ರವಾರ ಬೆಳಗಿನ ಅಭ್ಯಾಸ ಮುಗಿಯಿತು. ಎಲ್ಲರೂ ಕೋಣೆಯ ಬೆಂಚಿನ ಮೇಲೆ ಹಬೆಯಾಡುತ್ತ ಕೂತಿದ್ದರು. ನಾನು ಎಂದಿನಂತೆ ಬಾಗಿಲಿಂದ ಶುರು ಮಾಡಿದೆ.

"ಈ ಟವೆಲ್ ಯಾರ್ದು? ಇದನ್ನ ಹಿಮಸಾರಂಗಕ್ಕೆ ಹೊದಿಸಿದ್ರೆ ಅದೂ ಓಡಿಹೋಗುತ್ತೆ. ಏಯ್, ನೀನು, ಮೂರು ಕೋಲು ಮುರಿದು ಒಂದು ಗೋಲಿಲ್ಲ, ಸೌದೆ ಒಡೆಯೋಕೆ ಬಂದಿದ್ಯಾ?"

ಬೈಸಿಕೊಂಡವರ ಮುಖ ಬಿಸಿಲು ಬಿದ್ದಂತೆ ಬೆಳಗುತ್ತಿತ್ತು. ಹಾಗೇ ಸಾಲಾಗಿ ಬಂದು ಇಪ್ಪತ್ತೇಳರ ಮುಂದೆ ನಿಂತೆ. ತಟ್ಟೆಯ ಮೇಲಿನ ಬಟ್ಟೆ ಸರಿಸಿದೆ. ಬನ್ನು ಇನ್ನೂ ಬಿಸಿಯಿತ್ತು, ಮೇಲೆ ಸಕ್ಕರೆ ಹರಳು. ಪಕ್ಕದಲ್ಲಿ ಕಾಫಿ ಇಟ್ಟೆ.

"ತಗೋ ತರ್ಮೊ," ಅಂದೆ. "ನಿಮ್ಮಮ್ಮನ ಸೊಂಟನೋವು ಹೇಗಿದೆ ಈಗ?"

ಎದುರು ಬೆಂಚಿನಲ್ಲಿದ್ದ ಎರಡನೆಯ ಗೋಲ್ ಕೀಪರ್ ಸೆವೆರಿಯ ಕೈಯಿಂದ ಟೇಪಿನ ಸುರುಳಿ ಬಿದ್ದು ಉರುಳುತ್ತ ಬಾಗಿಲ ತನಕ ಹೋಯಿತು. ಅದರ ಸದ್ದೊಂದೇ ಕೇಳಿಸಿತು.

"ಹಿಲ್ಕಾ," ಅಂದ ಸೆವೆರಿ. "ನನಗೂ ಇದ್ಯಾ ಬನ್ನು?"

"ನಿನಗ್ಯಾಕೋ? ಬಾಗಿಲಿಲ್ಲದ ಕೊಟ್ಟಿಗೆ ಥರ ಗೋಲು ಕಾಯ್ತೀಯ."

ಸೆವೆರಿ ಕಣ್ಣು ಮುಚ್ಚಿ ಉಸಿರು ಬಿಟ್ಟ.

ತರ್ಮೊ ಬನ್ನನ್ನು ನೋಡಿದ. ನನ್ನನ್ನು ನೋಡಿದ. ಮತ್ತೆ ಬನ್ನನ್ನು ನೋಡಿದ, ಕೋರ್ಟಿನ ನೋಟೀಸು ನೋಡಿದಂತೆ. ಆಮೇಲೆ ಎತ್ತಿಕೊಂಡು ನಿಧಾನವಾಗಿ ಪೂರ್ತಿ ತಿಂದ. ತಟ್ಟೆಗೆ ಉದುರಿದ ಸಕ್ಕರೆಯನ್ನೂ ಬೆರಳಿಗೆ ಅಂಟಿಸಿ ನೆಕ್ಕಿದ.

"ಏಲಕ್ಕಿ ಸ್ವಲ್ಪ ಜಾಸ್ತಿ," ಅಂದ.

ಫೋನು ತೆಗೆದುಕೊಂಡು ಒಳಚಡ್ಡಿ ಬನಿಯನ್ನಿನಲ್ಲೇ ಹೊರಗೆ ಹೋದ. ಹೊರಗೆ ಸೊನ್ನೆಗಿಂತ ಇಪ್ಪತ್ತೊಂದು ಕೆಳಗಿತ್ತು. ನಾಲ್ಕು ನಿಮಿಷಕ್ಕೆ ಹಿಂದಿರುಗಿದಾಗ ಹುಬ್ಬಿನ ಮೇಲೆ ಮಂಜು ಕಟ್ಟಿತ್ತು.

"ಅಮ್ಮನ ಸೊಂಟ ಈಗ ಪರವಾಗಿಲ್ಲ," ಅಂದು ಸ್ನಾನಕ್ಕೆ ಹೋದ.

ಪಿಟ್ಕಾಯೊಕಿಯವರು ಋತು ಮುಗಿಯುವ ತನಕ ಸುದ್ದಿ ಹೊರಗೆ ಬಿಡುವುದಿಲ್ಲ ಎಂದು ಒಪ್ಪಿಕೊಂಡಿದ್ದರಂತೆ.

ಇಷ್ಟಕ್ಕೇ ಮುಗಿದಿದ್ದರೆ ನಾನು ಹೆಮ್ಮೆಪಟ್ಟುಕೊಂಡು ಸುಮ್ಮನಿರುತ್ತಿದ್ದೆ. ಆದರೆ ಮಾರ್ಚಿನಲ್ಲಿ ಕ್ವಾರ್ಟರ್ ಫೈನಲ್ ಜೋಡಿ ಹಾಕಿದಾಗ ನಮಗೆ ಎದುರಾಗಿ ಬಂದದ್ದು ಪಿಟ್ಕಾಯೊಕಿ. ಏಳು ಆಟದಲ್ಲಿ ನಾಲ್ಕು ಗೆದ್ದವರು ಮುಂದಕ್ಕೆ. ತರ್ಮೊ ತನ್ನ ಮುಂದಿನ ವರ್ಷದ ತಂಡವನ್ನು ಮನೆಗೆ ಕಳಿಸಲು ಆಡಬೇಕು. ಬೇರೆಯವನಾಗಿದ್ದರೆ ಹೊಟ್ಟೆನೋವು ಬರಿಸಿಕೊಳ್ಳುತ್ತಿದ್ದ. ಇವನಿಗೆ ಅಷ್ಟು ಜಾಣತನವಿಲ್ಲ. ಮೂರನೆಯ ಆಟದಲ್ಲಿ ಒಂದು ಹಲ್ಲು ಬಿಟ್ಟುಕೊಟ್ಟ. ಐದನೆಯದರಲ್ಲಿ ಅವರ ದೊಡ್ಡ ಆಟಗಾರನನ್ನು ಅಂಕಣದ ಗೋಡೆಗೆ ಒತ್ತಿದ ರಭಸಕ್ಕೆ ಅದರ ಮೇಲಿನ ಗಾಜು ಸಡಿಲವಾಯಿತು. ಗಾಜು ರೈಮೊನ ಕಾರ್ಖಾನೆಯದು, ಅವನು ಎದೆ ಹಿಡಿದುಕೊಂಡ.

ಮೂರು ಅವರಿಗೆ, ಮೂರು ನಮಗೆ. ಏಳನೆಯ ಆಟ ಸಮವಾಗಿ ಹೆಚ್ಚುವರಿ ಸಮಯಕ್ಕೆ ಹೋಯಿತು. ಹನ್ನೊಂದನೆಯ ನಿಮಿಷದಲ್ಲಿ ನಮ್ಮವನೊಬ್ಬ ಕಣ್ಣು ಮುಚ್ಚಿ ಬೀಸಿದ ರಬ್ಬರ್ ಬಿಲ್ಲೆ ಗೋಲಿನ ಮುಂದೆ ಬಿದ್ದಿದ್ದ ತರ್ಮೊನ ಮಂಡಿಗೆ ಬಡಿದು ಒಳಗೆ ಹೋಯಿತು. ಅದೇ ಮಂಡಿ. ಊರಿಗೆ ಊರೇ ಎದ್ದು ಕುಣಿಯಿತು. ತರ್ಮೊ ಮಾತ್ರ ಎದ್ದು ಕೂತು ಪಿಟ್ಕಾಯೊಕಿ ಬೆಂಚಿನ ಕಡೆ ನೋಡಿದ. ಅವರ ತರಬೇತುದಾರ ಸೊಂಟದ ಮೇಲೆ ಕೈಯಿಟ್ಟು ಇವನನ್ನೇ ದಿಟ್ಟಿಸುತ್ತಿದ್ದ.

ಸಾಲಾಗಿ ನಿಂತು ಕೈ ಕುಲುಕುವಾಗ ನಾನು ನೀರಿನ ಬಾಟಲಿ ಹಿಡಿದು ಹತ್ತಿರದಲ್ಲೇ ಇದ್ದೆ.

"ಇದೇನಯ್ಯಾ ಮಾಡ್ಬಿಟ್ಟೆ?" ಅಂದ ತರಬೇತುದಾರ.

"ನಿಮಗೆ ಹಿಂದೆ ನಿಂತು ಕಾಯೋಕೆ ಒಳ್ಳೆಯವನು ಬೇಕು ಅಂದ್ರಲ್ಲ," ಅಂದ ತರ್ಮೊ. "ನಿಜವಾಗ್ಲೂ ಬೇಕು."

ಸೆಮಿಫೈನಲ್ಲಿನಲ್ಲಿ ನಾಲ್ಕಕ್ಕೆ ನಾಲ್ಕೂ ಸೋತೆವು. ಅದರ ವಿವರ ಬೇಡ.

ಋತು ಮುಗಿದ ಮೇಲೆ ಕೆರೆಯ ದಂಡೆಯಲ್ಲಿ ತಂಡದ ಸೌನಾ, ಅಂದರೆ ಹಬೆಯ ಸ್ನಾನ, ನಡೆಯುತ್ತದೆ. ಗಂಡಸರು ಒಳಗೆ ಬೇಯುತ್ತಾರೆ, ನಾನು ಹೊರಗೆ ಜಗಲಿಯಲ್ಲಿ ಸಾಸೇಜ್ ಸುಡುತ್ತೇನೆ. ಎರಡೂ ಒಂದೇ ಬಣ್ಣಕ್ಕೆ ಬಂದಾಗ ಊಟ. ರೈಮೊ ಸೊಂಟಕ್ಕೆ ಟವೆಲ್ ಸುತ್ತಿಕೊಂಡು ಹೊರಗೆ ಬಂದ. ಹಿಂದೆಯೇ ಎಲ್ಲರೂ ಬಂದರು. ಅವನು ಬಹಳ ಖುಷಿಯಲ್ಲಿದ್ದ.

"ತರ್ಮೊ," ಅಂದ, "ನಾನು ಯೋಚನೆ ಮಾಡ್ದೆ. ಆ ಮಂಡಿ ಇನ್ನೊಂದು ವರ್ಷ ಬರುತ್ತೆ. ಹಳೇ ಸಂಬಳವೇ ಕೊಡ್ತೀನಿ. ಹಿಲ್ಕಾ, ಇಪ್ಪತ್ತೇಳಕ್ಕೂ ಕೈಗವಸು ಹೇಳಿಬಿಡು, ತಡ ಆದ್ರೆ ಆಗ್ಲಿ."

ತರ್ಮೊ ಹಬೆಯಲ್ಲಿ ಮೈಗೆ ಬಡಿದುಕೊಂಡ ಸೊಪ್ಪಿನಿಂದ ಕಾಲಿಗೆ ಮೆತ್ತಿದ್ದ ಬರ್ಚ್ ಎಲೆಯನ್ನು ಬಿಡಿಸುತ್ತ ಕೂತಿದ್ದ. "ನಾನು ಪಿಟ್ಕಾಯೊಕಿಗೆ ಹೋಗ್ತಿದ್ದೀನಿ," ಅಂದ. "ಫೆಬ್ರವರೀಲೇ ಒಪ್ಕೊಂಡೆ."

ರೈಮೊನ ಮುಖ ಸಾಸೇಜಿಗಿಂತ ಕೆಂಪಾಯಿತು. "ಫೆಬ್ರವರೀಲಾ? ನಿನಗೆ ಹೇಗೆ ಗೊತ್ತಾಯ್ತು?" ಎಂದವನು ತಿರುಗಿದ. "ಹಿಲ್ಕಾ, ನೀನು ಬಾಯಿ ಬಿಟ್ಯಾ?"

"ಒಂದು ಮಾತೂ ಆಡಿಲ್ಲ."

"ಬರೆದು ಕೊಟ್ಯಾ?"

"ಇಲ್ಲ."

"ಮತ್ತೆ?"

ಸೆವೆರಿಗೆ ಬಾಯಿ ಕಟ್ಟುವುದಿಲ್ಲ, ಗೋಲ್ ಕೀಪರುಗಳೇ ಹಾಗೆ. "ಬನ್ನು ಕೊಟ್ಲು," ಅಂದ.

"ಬನ್ನಾ?"

"ಬಿಸಿದು," ಅಂದ ಸೆವೆರಿ. "ಅವರಮ್ಮನ ಸೊಂಟನೂ ವಿಚಾರಿಸಿದ್ಲು."

ರೈಮೊ ಒಬ್ಬೊಬ್ಬರ ಮುಖವನ್ನೂ ನೋಡಿದ. ಇಡೀ ತಂಡಕ್ಕೆ ಇದು ಅರ್ಥವಾಗಿದೆ, ತನಗೊಬ್ಬನಿಗೇ ಆಗಿಲ್ಲ ಎಂಬುದು ನಿಧಾನವಾಗಿ ಅವನ ತಲೆಗೆ ಇಳಿಯಿತು. "ಇಷ್ಟು ವರ್ಷ ನನಗ್ಯಾರೂ ಹೇಳ್ಲೇ ಇಲ್ಲವಲ್ಲ," ಅಂದ.

"ನಿನಗೂ ಕೊಡೋ ದಿನ ಬಂದ್ರೆ ಗೊತ್ತಾಗುತ್ತೆ," ಅಂದೆ. "ಸಾಸೇಜ್ ಆರ್ತಿದೆ, ತಿನ್ನು."

ತಿಂದ. ಎರಡು.

ಮಾರನೆಯ ದಿನ ಆಫೀಸಿಗೆ ಕರೆಸಿ ನನ್ನ ಕಾಗದವನ್ನು ಮೂರು ಸಲ ಓದಿದ. ಬನ್ನಿನ ಮಾತು ಎಲ್ಲೂ ಇರಲಿಲ್ಲ. ಕೆಲಸದಿಂದ ತೆಗೆಯುವಂತಿರಲಿಲ್ಲ, ತೆಗೆದರೆ ಸಾಣೆ ಹಿಡಿಯುವವರೂ ಇರಲಿಲ್ಲ. ಕೊನೆಗೆ ಕೆಳಗೆ ಒಂದು ಸಾಲು ಸೇರಿಸಿದ: ಫೆಬ್ರವರಿ ಒಂದರಿಂದ ಋತು ಮುಗಿಯುವ ತನಕ ಆಟಗಾರರಿಗೆ ತಿನ್ನುವ ಪದಾರ್ಥ ಕೊಡತಕ್ಕದ್ದಲ್ಲ.

"ಕಾಲುಚೀಲ?" ಎಂದು ಕೇಳಿದೆ.

"ಏನು ಕಾಲುಚೀಲ?"

"ಏನಿಲ್ಲ," ಎಂದು ಸಹಿ ಹಾಕಿದೆ.

ಆ ಬೇಸಿಗೆಯಲ್ಲಿ ಐವರು ಹೋದರು, ಏಳು ಮಂದಿ ಬಂದರು. ನಾನು ಅಂಗಿಗಳಿಂದ ಹಳೆಯ ಹೆಸರು ಬಿಚ್ಚಿ ಹೊಸ ಹೆಸರು ಹೊಲಿದೆ. ಲಾಟ್ವಿಯಾದವನ ಹೆಸರು ಗುಂದಾರ್ಸ್. ಒಳ್ಳೆಯವನೇ, ಆದರೆ ಬೈದರೆ ಭಾಷೆ ತಿಳಿಯದೆ ಕೃತಜ್ಞತೆ ಹೇಳುತ್ತಾನೆ. ಕಲಿಯುತ್ತಾನೆ.

ಸೆಪ್ಟೆಂಬರಿನಲ್ಲಿ ಪಿಟ್ಕಾಯೊಕಿ ನಮ್ಮಲ್ಲಿಗೆ ಆಡಲು ಬಂತು. ಆಟಕ್ಕೆ ಒಂದು ಗಂಟೆ ಮುಂಚೆ ನನ್ನ ಕೋಣೆಯ ಬಾಗಿಲಲ್ಲಿ ನೀಲಿ ಅಂಗಿ ಕಾಣಿಸಿತು.

"ಅಲ್ಲಿ ಸಾಣೆ ಸರಿ ಹಿಡಿಯಲ್ಲ," ಅಂದ ತರ್ಮೊ, ಬೂಟು ಮುಂದೆ ಚಾಚಿ.

"ನಾಚಿಕೆ ಆಗಲ್ವೇನೋ ನಿನಗೆ? ಶತ್ರು ಮನೆಗೆ ಬಂದು ಚಾಕು ಮಸೆಸ್ಕೊಳ್ತೀಯ? ಈ ಬೂಟು ನೋಡು, ಕೆಸರಿನಿಂದ ತೆಗೆದ ಆಲೂಗೆಡ್ಡೆ ಥರ ಇದೆ. ಲೇಸು ಇನ್ನೂ ಅದೇ. ಕೂತ್ಕೋ ಅಲ್ಲಿ, ಏನೂ ಮುಟ್ಬೇಡ."

ಅವನು ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತು, ಇಲ್ಲದ ಹಲ್ಲು ಕಾಣುವ ಹಾಗೆ ನಕ್ಕ. ನಾನು ಚೆನ್ನಾಗಿಯೇ ಸಾಣೆ ಹಿಡಿದುಕೊಟ್ಟೆ. ಒಂದಕ್ಕೆ ನಾಲ್ಕರಲ್ಲಿ ನಾವು ಸೋತೆವು.

ಹೌಕಿಲಂಪಿ ತಂಡ ಹಳೆಯ ಸಂಬಳಕ್ಕೇ ಉಳಿಯಬಹುದಾಗಿದ್ದ ಕ್ಯಾಪ್ಟನ್ನನ್ನು ಕಳೆದುಕೊಂಡಿತು. ನಾನು ಬಾಯಿ ಮುಚ್ಚಿ, ಒಲೆಯನ್ನೂ ಮುಚ್ಚಿ ಇದ್ದಿದ್ದರೆ ಅವನು ಇಲ್ಲೇ ಇರುತ್ತಿದ್ದ, ಅದೂ ಒಂದೇ ವರ್ಷಕ್ಕೆ. ಅವನಿಗೆ ಎರಡು ವರ್ಷದ ಆಟ ಸಿಕ್ಕಿತು, ಆಮೇಲಿನ ಕೆಲಸ ಸಿಕ್ಕಿತು, ಮಗಳಿಗೆ ಹೊಸ ಶಾಲೆ ಸಿಕ್ಕಿತು. ಸಾಸೇಜ್ ಮಾತ್ರ ಅಲ್ಲಿ ಈಗಲೂ ಚೆನ್ನಾಗಿಲ್ಲವಂತೆ. ನನಗೆ ಬೇಸಿಗೆಯ ಬೋನಸ್ ಇನ್ನೂರು ಯೂರೋ ರೈಮೊನ ಸಿಟ್ಟಿಗೆ ಹೋಯಿತು, ಫೆಬ್ರವರಿಯಲ್ಲಿ ಬನ್ನು ಹಂಚುವ ಹಕ್ಕು ಹೋಯಿತು. ಕೆಲಸ ಉಳಿಯಿತು.